ಬಿಚ್ಚಿದರೆ ಬರೀ ಬಟ್ಟೆ: ಸೈನಿಕರ ಟೋಪಿ ಕೂಡಿಸಿದ ನನ್ನ ಅನುಭವ

ನನ್ನ ಅಜ್ಜಿ ಮನೆಯಲ್ಲಿ ಕೋಳಿಗಳಿಗೆ ನೀರಿಡಲು ಒಂದು ಬೋಗುಣಿ ಇತ್ತು. ಅಗಲ ಅಂಚು, ದುಂಡನೆ ತಳ. ಉರುಳಬಾರದು ಅಂತ ಸುತ್ತ ಮೂರು ಕಲ್ಲು ಕೊಟ್ಟಿದ್ದರು. ನಾನು ಪೀಣ್ಯದಲ್ಲಿ ಟರ್ನರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿಗೆ ಹೋದಾಗ, ಜೇಬಿನಲ್ಲಿದ್ದ ಅಯಸ್ಕಾಂತವನ್ನು ಸುಮ್ನೆ ಅದಕ್ಕೆ ಹಿಡಿದೆ. ಕಚ್ಚಲಿಲ್ಲ. ಅಂಚಿಗೆ ಮಾತ್ರ ಟಕ್ ಅಂತ ಹಿಡಿಯಿತು. ಉಕ್ಕೇ ಹೌದು, ಆದರೆ ಅಯಸ್ಕಾಂತಕ್ಕೆ ಸಿಗದ ಉಕ್ಕು. ನಮ್ಮ ಕಸುಬಿನವರಿಗೆ ಇದು ಗೊತ್ತು: ಮ್ಯಾಂಗನೀಸ್ ಉಕ್ಕು. ಜಲ್ಲಿ ಕ್ರಷರ್‌ನ ದವಡೆಗೆ, ರೈಲು ಹಳಿ ಕೂಡುವ ಕಡೆಗೆ ಹಾಕುವುದು. ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುತ್ತದೆ. ಹ್ಯಾಡ್‌ಫೀಲ್ಡ್ ಎಂಬ ಇಂಗ್ಲಿಷ್ ಲೋಹತಜ್ಞ 1882ರಲ್ಲಿ ಕಂಡುಹಿಡಿದ ಉಕ್ಕು ಅದು.

ಕೋಳಿ ಬೋಗುಣಿ ಅಂದುಕೊಂಡಿದ್ದು ಮೊದಲ ಮಹಾಯುದ್ಧದ ಬ್ರೋಡಿ ಹೆಲ್ಮೆಟ್. 1914ರಲ್ಲಿ ಯುದ್ಧ ಶುರುವಾದಾಗ ಯಾವ ಸೇನೆಯ ಸೈನಿಕರಿಗೂ ಉಕ್ಕಿನ ಹೆಲ್ಮೆಟ್ ಇರಲಿಲ್ಲ. 1915ರಲ್ಲಿ ಫ್ರಾನ್ಸ್ ಏಡ್ರಿಯನ್ ಹೆಲ್ಮೆಟ್ ಕೊಟ್ಟಿತು, ಅದೇ ವರ್ಷ ಬ್ರಿಟನ್ನಿನಲ್ಲಿ ಜಾನ್ ಬ್ರೋಡಿ ಪೇಟೆಂಟ್ ಪಡೆದ. ಮೊದಮೊದಲು ಅದರ ಅಂಚು ಹಾಗೇ ಹರಿತವಾಗಿತ್ತು. ಆಮೇಲೆ ಸಾದಾ ಉಕ್ಕಿನ ಪಟ್ಟಿ ಮಡಚಿ ಹಾಕಿದರು. ನನ್ನ ಅಯಸ್ಕಾಂತ ಅಂಚಿಗೆ ಮಾತ್ರ ಹಿಡಿದಿದ್ದು ಅದಕ್ಕೇ. ಅಜ್ಜಿಗೆ ಒಂದು ಸ್ಟೀಲ್ ಬೋಗುಣಿ ತಂದುಕೊಟ್ಟು ಅದನ್ನು ಮನೆಗೆ ತಂದೆ. ನನ್ನ ಸಂಗ್ರಹದ ಮೊದಲ ವಸ್ತು ಅದೇ.

ಆಮೇಲೆ ಐದಾರು ವರ್ಷ ಸಿಕ್ಕಿದ್ದೆಲ್ಲ ಕೊಂಡೆ. ಭಾನುವಾರ ಬೆಳಗ್ಗೆ ಆರಕ್ಕೆಲ್ಲ ಚಿಕ್ಕಪೇಟೆಯ ಸಂಡೆ ಬಜಾರಿನಲ್ಲಿ ಇರುತ್ತಿದ್ದೆ. ಒಮ್ಮೆ ಅಲ್ಲೊಬ್ಬ ವ್ಯಾಪಾರಿ ಜರ್ಮನ್ ಹೆಲ್ಮೆಟ್ ಅಂತ ಒಂದನ್ನು 6,500 ರೂಪಾಯಿಗೆ ಕೊಟ್ಟ. ಖುಷಿಯಲ್ಲಿ ತಂದು, ಒಳಗಿನ ಚರ್ಮ ಎತ್ತಿ ನೋಡಿದಾಗ ಹೊಟ್ಟೆ ಉರಿಯಿತು. ತುಕ್ಕು ಎಲ್ಲ ಕಡೆ ಒಂದೇ ಸಮ ಹರಡಿತ್ತು. ನಿಜವಾಗಿ ತಲೆಯ ಮೇಲಿದ್ದ ಹೆಲ್ಮೆಟ್ ಹಾಗೆ ತುಕ್ಕು ಹಿಡಿಯುವುದಿಲ್ಲ. ಹಣೆಯ ಬೆವರು ಕೂರುವ ಕಡೆ ಜಾಸ್ತಿ, ನೆತ್ತಿಯಲ್ಲಿ ಕಡಿಮೆ. ಒಂದೇ ಸಮ ಇದ್ದರೆ ಅದು ಆಸಿಡ್ ಕೆಲಸ. ಗಾಳಿಯ ತೂತೂ ತಪ್ಪಾಗಿತ್ತು. 1935ರ ಮಾದರಿ ಅಂತ ಹೇಳಿದ್ದ. ಆ ಮಾದರಿಯಲ್ಲಿ ತೂತಿಗೆ ಬೇರೆಯೇ ಒಂದು ಸಣ್ಣ ಬಳೆ ಕೂರಿಸಿರುತ್ತಾರೆ. 1940ರ ಮಾದರಿಯಲ್ಲಿ ಮಾತ್ರ ಹಾಳೆಯನ್ನೇ ಒತ್ತಿ ತೂತು ಮಾಡಿರುತ್ತಾರೆ. ಇದರಲ್ಲಿ ಬರೀ ಡ್ರಿಲ್ ಹೊಡೆದ ತೂತು. ಅಂದಿನಿಂದ ಒಳಭಾಗ ನೋಡದೆ ದುಡ್ಡು ಬಿಚ್ಚುವುದಿಲ್ಲ.

ಆಗಲೇ ಒಂದು ಗಡಿ ಹಾಕಿಕೊಂಡೆ. ಜಗತ್ತಿನ ಟೋಪಿಗಳನ್ನೆಲ್ಲ ಕೂಡಿಸುವುದು ನನ್ನಂಥವನಿಗೆ ಸಾಧ್ಯವಿಲ್ಲ, ಅದರಲ್ಲಿ ಅರ್ಥವೂ ಇಲ್ಲ. 1914ರಿಂದ 1945ರವರೆಗೆ ಬೆಂಗಳೂರು, ಮೈಸೂರು ಕಡೆಯಿಂದ ಹೊರಟ ಸೈನಿಕರ ತಲೆಯ ಮೇಲೆ ಏನಿತ್ತು, ಅವರ ಜೊತೆ ನಿಂತವರ, ಎದುರು ನಿಂತವರ ತಲೆಯ ಮೇಲೆ ಏನಿತ್ತು, ಅಷ್ಟೇ. ಆ ಗಡಿಯೊಳಗೆ ಒಂದೂ ಬಿಡಬಾರದು. ಹುಡುಕಾಟ ಸುಲಭವಾಗಿದ್ದು ಆಮೇಲೆಯೇ. ಶಿವಾಜಿನಗರದ ಗುಜರಿ ಅಂಗಡಿಗಳಿಗೆಲ್ಲ ನನ್ನ ನಂಬರ್ ಕೊಟ್ಟಿದ್ದೇನೆ. ಫ್ರೇಜರ್ ಟೌನ್, ಕಾಕ್ಸ್ ಟೌನ್ ಕಡೆ ಹಳೇ ಮನೆ ಕೆಡವುವಾಗ ಅಟ್ಟದ ಟ್ರಂಕುಗಳು ಮೊದಲು ಬರುವುದು ಅವರ ಹತ್ತಿರ. ಬರ್ಮಾ ಕಡೆಯಿಂದ ಬಂದ ಜಪಾನೀ ಹೆಲ್ಮೆಟ್, ಮುಂದೆ ನಕ್ಷತ್ರ ಇರುವುದು, ಹಾಗೇ ಸಿಕ್ಕಿತು. ಬೆಂಡಿನ ಟೋಪಿಗಳಂತೂ ಎಷ್ಟೋ ಬರುತ್ತವೆ. ಬೆರಳಲ್ಲಿ ಮೆತ್ತಗೆ ಒತ್ತಿದರೆ ಒಳಗೆ ಹೋಗುವುದು ಬಂಗಾಳದ ಶೋಲಾ ಗಿಡದ ಬೆಂಡಿನದು, ಗಟ್ಟಿ ನಿಲ್ಲುವುದು ಕಾರ್ಕಿನದು. ಎರಡನೇ ಯುದ್ಧದ ಬ್ರಿಟಿಷ್ ಮಾದರಿ ಹೆಲ್ಮೆಟ್ಟಿನ ಹಿಂಭಾಗದ ಅಂಚಿನಲ್ಲಿ ಮೂರು ತೂತು ಇದ್ದರೆ ಅದು ದಕ್ಷಿಣ ಆಫ್ರಿಕಾದಲ್ಲಿ ತಯಾರಾದದ್ದು.

ಇಷ್ಟಾದ ಮೇಲೆ ಗಡಿಯೊಳಗಿನದೆಲ್ಲ ಸಿಕ್ಕಿತು ಅಂದುಕೊಂಡಿದ್ದೆ. ಒಂದು ದಿನ ಹಲಸೂರಿನ ನಿವೃತ್ತ ಹವಾಲ್ದಾರರೊಬ್ಬರನ್ನು ಮನೆಗೆ ಕರೆದೆ. ಸೇನೆಯ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವರು. ಕಪಾಟೆಲ್ಲ ನೋಡಿ, ಕಾಫಿ ಕುಡಿದು, "ಎಲ್ಲ ಚೆನ್ನಾಗಿದೆ. ಪೇಟ ಎಲ್ಲಿ?" ಅಂದರು.

ನನ್ನ ಹತ್ತಿರ ಒಂದೂ ಇರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದವರ ಜೊತೆ ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ನಮ್ಮವರು. ಅವರ ಸ್ಮಾರಕ ಜೆ.ಸಿ. ನಗರದಲ್ಲಿದೆ. ಹೈದರಾಬಾದ್, ಜೋಧ್‌ಪುರ, ಮೈಸೂರು ಲ್ಯಾನ್ಸರ್‌ಗಳ ನೆನಪಿಗೆ ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರ ತಲೆಯ ಮೇಲೂ ಪೇಟವೇ ಇದೆ. ಎರಡೂ ಯುದ್ಧಗಳಲ್ಲಿ ಸಿಖ್ ಸೈನಿಕರು ಹೆಲ್ಮೆಟ್ ಬೇಡ ಅಂತ ಪೇಟದಲ್ಲೇ ಹೋರಾಡಿದರು. ನಾನು ಉಕ್ಕಿನ ಹಿಂದೆಯೇ ಬಿದ್ದಿದ್ದೆ.

ಯಾಕೆ ಸಿಕ್ಕಿರಲಿಲ್ಲ ಅಂತ ಆಗ ಹೊಳೆಯಿತು. ಹೆಲ್ಮೆಟ್ ಕೋಳಿ ಬೋಗುಣಿಯಾದರೂ ಹೆಲ್ಮೆಟ್ಟೇ. ಪೇಟ ಬಿಚ್ಚಿದರೆ ಬರೀ ಬಟ್ಟೆ. ಯಜಮಾನರು ತೀರಿಕೊಂಡ ಮೇಲೆ ಅದು ಹಾಸಿಗೆ ಸುತ್ತುವ ಬಟ್ಟೆಯಾಗುತ್ತದೆ, ಕೊನೆಗೆ ನೆಲ ಒರೆಸುತ್ತದೆ. ಸೇನೆಯವರು ಅದನ್ನು ಲುಂಗಿ ಎನ್ನುತ್ತಾರೆ, ಒಳಗಿನ ಚೂಪು ಟೋಪಿಯನ್ನು ಕುಲ್ಲಾ. ಗುಜರಿಯವರನ್ನು ಕುಲ್ಲಾ ಕೇಳತೊಡಗಿದೆ. ಎರಡು ವರ್ಷದ ಮೇಲೆ ಒಂದು ಬಂತು. ಅದೇ ಟ್ರಂಕಿನಲ್ಲಿ ಐದು ಮೀಟರಿಗೂ ಜಾಸ್ತಿ ಉದ್ದದ ಖಾಕಿ ಬಟ್ಟೆ ಮಡಚಿಟ್ಟಿತ್ತು. ಟ್ರಂಕು ಮಾರಿದವರು ಅದನ್ನು ಎಣಿಕೆಗೇ ತಂದಿರಲಿಲ್ಲ.

ಕಟ್ಟುವುದನ್ನು ಹವಾಲ್ದಾರರೇ ಹೇಳಿಕೊಟ್ಟರು. ಹಳೇ ಬಟ್ಟೆಯಲ್ಲಿ ಅಲ್ಲ, ಅಷ್ಟೇ ಉದ್ದದ ಹೊಸದಕ್ಕೆ ಗಂಜಿ ಹಾಕಿ. ಇಬ್ಬರು ಬೇಕು. ಒಬ್ಬರು ಆ ತುದಿ, ಒಬ್ಬರು ಈ ತುದಿ ಹಿಡಿದು ಬಿಗಿಯಾಗಿ ಎಳೆದು, ಉದ್ದಕ್ಕೂ ನೆರಿಗೆ ಕೂರಿಸಬೇಕು. ಕುಲ್ಲಾ ತಲೆಗಿಟ್ಟು, ಒಂದು ಸುತ್ತು ಹಣೆಯ ಎಡಕ್ಕೆ ಇಳಿಜಾರು, ಮುಂದಿನದು ಬಲಕ್ಕೆ. ಎರಡೂ ಸೇರುವ ಜಾಗ ಹುಬ್ಬುಗಳ ನಡುವೆ ನೇರ ಬರಬೇಕು. ನನ್ನದು ಪ್ರತಿ ಸಲ ಕಿವಿ ಕಡೆ ಜಾರುತ್ತಿತ್ತು. "ಕೈ ಅಲ್ಲ, ತಲೆ ತಿರುಗಿಸಿ. ಬಟ್ಟೆ ತಾನೇ ಬರುತ್ತೆ" ಅಂದರು. ಹಾಗೆ ಮಾಡಿದ ಮೇಲೆ ಕೂತಿತು. ಯಾವ ಪಲ್ಟನ್, ಯಾವ ಕಡೆಯ ಜನ ಅಂತ ಕಟ್ಟಿನಲ್ಲೇ ಗೊತ್ತಾಗುತ್ತಿತ್ತಂತೆ. ಈಗ ಫೋಟೋ ನೋಡಿದರೆ ನನಗೂ ಅಲ್ಪಸ್ವಲ್ಪ ತಿಳಿಯುತ್ತದೆ.

ಕಾಪಾಡುವುದರಲ್ಲೂ ಬಟ್ಟೆಯೇ ಕಷ್ಟ. ಉಕ್ಕಿಗೆ ಸ್ಯಾಂಡ್‌ಪೇಪರ್ ತಾಗಿಸುವುದಿಲ್ಲ. ಹಳೇ ಬಣ್ಣ ಹೋದರೆ ಮತ್ತೆ ಬರುವುದಿಲ್ಲ ಅಲ್ವಾ? ಮಳೆಗಾಲದಲ್ಲಿ ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು, ವಾರಕ್ಕೊಮ್ಮೆ ಬಾಗಿಲು ತೆಗೆದಿಡುತ್ತೇನೆ. ಉಣ್ಣೆಯ ಟೋಪಿ ಹೊಸದಾಗಿ ಬಂದರೆ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಹೋಗದಂತೆ ಕಟ್ಟಿ ಎರಡು ವಾರ ಡೀಪ್ ಫ್ರೀಜರಿನಲ್ಲಿ ಇಡುತ್ತೇನೆ, ನುಸಿ ಸಾಯುತ್ತದೆ. ಹಳೇ ಲುಂಗಿಯನ್ನು ಮಡಚುವುದಿಲ್ಲ. ಮಡಿಕೆಯಲ್ಲೇ ನೂಲು ಹರಿಯುತ್ತದೆ, ಅದಕ್ಕೆ ಕೊಳವೆಗೆ ಸುತ್ತಿಟ್ಟಿದ್ದೇನೆ.

ಕಾನೂನೂ ಗೊತ್ತಿರಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ 100 ವರ್ಷ ದಾಟಿದ ಐತಿಹಾಸಿಕ ವಸ್ತು ಪ್ರಾಚ್ಯವಸ್ತು. ನಮ್ಮಂಥವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಮೊದಲ ಯುದ್ಧದ ವಸ್ತುಗಳೆಲ್ಲ ಈಗ ಆ ಲೆಕ್ಕಕ್ಕೆ ಬಂದಿವೆ. ಹೊರದೇಶದವರು ಬ್ರೋಡಿ ಕೇಳಿದರೆ ಇಲ್ಲ ಅಂದುಬಿಡುತ್ತೇನೆ.

ಈಗ ಹುಡುಕುತ್ತಿರುವುದು ಮದ್ರಾಸ್ ಸ್ಯಾಪರ್ಸ್‌ನವರ ದೂಪ್ತಾ. ಕೊಳವೆಯ ಹಾಗೆ ಎತ್ತರ ನಿಲ್ಲುವ, ಅವರದೇ ಆದ ಟೋಪಿ. ಹಲಸೂರಿನ ಅವರ ಮ್ಯೂಸಿಯಂನಲ್ಲಿ ಅದನ್ನು ನೋಡುತ್ತಾ ಎಷ್ಟೋ ಹೊತ್ತು ನಿಂತಿದ್ದೇನೆ. ಹವಾಲ್ದಾರರು ಹಳೇ ಸಂಗಾತಿಗಳಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ತಿಂಗಳಿಗೊಂದು ಭಾನುವಾರ ಮನೆಗೆ ಬರುತ್ತಾರೆ. ನನ್ನ ಮಗಳು ಲುಂಗಿಯ ಒಂದು ತುದಿ ಹಿಡಿಯುತ್ತಾಳೆ, ನಾನು ಇನ್ನೊಂದು. ಹಾಲ್ ಸಾಲುವುದಿಲ್ಲ, ಅವಳು ವರಾಂಡದಲ್ಲಿ ನಿಲ್ಲಬೇಕು.