ತಿಂಗಳಿಗೆ 390 ಡಾಲರ್ ಇದ್ದದ್ದು 1,075 ಆದ ಬಗೆ

ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ದಂಡೆಯಲ್ಲಿ, 1984ರಲ್ಲಿ ಕಟ್ಟಿದ ಏಳು ಮಹಡಿಯ ಕಟ್ಟಡವೊಂದರಲ್ಲಿ ನಾವು ಕಾಂಡೋ, ಅಂದರೆ ಸ್ವಂತದ ಫ್ಲಾಟು, ಕೊಂಡದ್ದು 2016ರಲ್ಲಿ. ಒಟ್ಟು 56 ಮನೆ. ಅಸೋಸಿಯೇಷನ್ ಫೀ ಎಷ್ಟು ಎಂದು ಕೇಳಿದಾಗ ತಿಂಗಳಿಗೆ 390 ಡಾಲರ್ ಅಂದರು. ಸುತ್ತಲಿನ ಕಟ್ಟಡಗಳಲ್ಲಿ ಆಗಲೇ 550, 600 ಇತ್ತು. ಇಲ್ಲಿ ಆಡಳಿತ ಅಚ್ಚುಕಟ್ಟಾಗಿರಬೇಕು, ಅದಕ್ಕೇ ಕಡಿಮೆ ಎಂದುಕೊಂಡು ಖುಷಿಯಿಂದ ಸಹಿ ಹಾಕಿದೆ. ಅದು ಯಾಕೆ ಕಡಿಮೆಯಿತ್ತು ಎಂದು ಅರ್ಥವಾದದ್ದು 2022ರ ಕೊನೆಯಲ್ಲಿ, ನಾನೇ ಅಸೋಸಿಯೇಷನ್ ಬೋರ್ಡಿನ ಖಜಾಂಚಿಯಾಗಿ ಹಳೆಯ ಬಜೆಟ್ಟುಗಳನ್ನು ಬಿಚ್ಚಿ ಕೂತಾಗ.

ಆ 390ರಲ್ಲಿ ವಿಮೆಗೆ ಹೋಗುತ್ತಿದ್ದದ್ದು 130. ಲಿಫ್ಟು, ನೀರು, ಕಸ, ಕ್ಲೀನಿಂಗು, ಮ್ಯಾನೇಜರ್ ಸಂಬಳ ಎಲ್ಲ ಸೇರಿ 235. ಉಳಿದ 25 ಡಾಲರ್ ರಿಸರ್ವ್. ಅಂದರೆ ಮುಂದೊಂದು ದಿನ ಚಾವಣಿ ಬದಲಿಸಲು, ಕಾಂಕ್ರೀಟ್ ರಿಪೇರಿ ಮಾಡಲು, ಪೈಪು ಹೊಸದು ಹಾಕಿಸಲು ಕೂಡಿಡುವ ಹಣ. ಸಮುದ್ರದ ಉಪ್ಪುಗಾಳಿಗೆ ಮೈಯೊಡ್ಡಿ ನಿಂತ ಕಟ್ಟಡಕ್ಕೆ ಮನೆಯೊಂದಕ್ಕೆ ತಿಂಗಳಿಗೆ 25 ಡಾಲರ್.

ಅದು ಯಾರೋ ಮಾಡಿದ ಮೋಸವಾಗಿರಲಿಲ್ಲ, ಕಾನೂನು ಕೊಟ್ಟಿದ್ದ ಸಲಿಗೆ. ಫ್ಲಾರಿಡಾದ ಕಾಂಡೋ ಕಾಯ್ದೆಯಾದ ಚಾಪ್ಟರ್ 718ರ ಪ್ರಕಾರ, ಮಾಲೀಕರು ಬಹುಮತದಿಂದ ವೋಟು ಹಾಕಿ ಆ ವರ್ಷದ ರಿಸರ್ವನ್ನು ಪೂರ್ತಿಯಾಗಿಯೋ ಅರ್ಧಂಬರ್ಧವಾಗಿಯೋ ಬಿಟ್ಟುಬಿಡಬಹುದಿತ್ತು. ಪ್ರತಿ ವರ್ಷ ಬಜೆಟ್ ಹೊತ್ತಿಗೆ ಸಭೆಗೆ ಹೋಗದೆಯೂ ವೋಟು ಹಾಕಲು ಒಂದು ಪ್ರಾಕ್ಸಿ ಫಾರ್ಮು ಮನೆಗೆ ಬರುತ್ತಿತ್ತು. ರಿಸರ್ವ್ ಬಿಟ್ಟರೆ ಮುಂದೆ, ಮಾಲೀಕರಿಂದ ಫೀ ಅಲ್ಲದೆ ಬೇರೆಯಾಗಿ ವಸೂಲು ಮಾಡುವ, ಅನಿರೀಕ್ಷಿತ ಸ್ಪೆಷಲ್ ಅಸೆಸ್‌ಮೆಂಟ್ ಕಟ್ಟಬೇಕಾದೀತು ಎಂಬ ಎಚ್ಚರಿಕೆಯನ್ನು ಅದರ ಮೇಲೆ ದಪ್ಪ ದೊಡ್ಡಕ್ಷರದಲ್ಲಿ ಮುದ್ರಿಸಲೇಬೇಕೆಂದು ಕಾಯ್ದೆಯೇ ಹೇಳುತ್ತದೆ. 2017ರ ಫೈಲಿನಲ್ಲಿ ನನ್ನ ಫಾರ್ಮು ಸಿಕ್ಕಿತು. ಆ ಅಕ್ಷರಗಳ ಕೆಳಗೇ ‘ಒಪ್ಪಿಗೆ’ ಎಂದು ಟಿಕ್ಕು ಹಾಕಿ ಸಹಿ ಮಾಡಿದ್ದೆ. ಓದಿದ ನೆನಪೇ ಇರಲಿಲ್ಲ. ಆ ಕಾಗದವನ್ನು ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ.

2021ರ ಜೂನ್ 24ರ ನಡುರಾತ್ರಿ ಮಯಾಮಿ ಬಳಿಯ ಸರ್ಫ್‌ಸೈಡ್‌ನಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಕುಸಿಯಿತು. 12 ಮಹಡಿ, 1981ರ ಕಟ್ಟಡ, 98 ಜನ ಸತ್ತರು. ಈಜುಕೊಳದ ಡೆಕ್ಕಿನ ಕೆಳಗೆ ಕಾಂಕ್ರೀಟ್ ಹಾಳಾಗಿದೆ ಎಂದು ಎಂಜಿನಿಯರ್ 2018ರಲ್ಲೇ ವರದಿ ಕೊಟ್ಟಿದ್ದರು. ರಿಪೇರಿಗೆ ಸುಮಾರು ಒಂದೂವರೆ ಕೋಟಿ ಡಾಲರ್ ಅಸೆಸ್‌ಮೆಂಟ್ ಅಲ್ಲಿನವರ ಮುಂದಿತ್ತು, ಕೆಲಸ ನಡೆಯುವ ಮೊದಲೇ ಕಟ್ಟಡ ಬಿತ್ತು. ಆ ವಾರ ನಮ್ಮ ಲಿಫ್ಟಿನಲ್ಲಿ ಯಾರೂ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಎಲ್ಲರೂ ಪಾರ್ಕಿಂಗಿನ ಕಂಬಗಳನ್ನೇ ನೋಡುತ್ತಿದ್ದೆವು.

2022ರ ಮೇನಲ್ಲಿ ಹೊಸ ಕಾನೂನು ಬಂತು. ಮೂರು ಅಥವಾ ಹೆಚ್ಚು ಮಹಡಿಯ ಕಾಂಡೋ ಕಟ್ಟಡಕ್ಕೆ 30 ವರ್ಷವಾದಾಗ ‘ಮೈಲ್‌ಸ್ಟೋನ್’ ತಪಾಸಣೆ (ಕಟ್ಟಡ ಗಟ್ಟಿಯಿದೆಯೇ ಎಂದು ನೋಡುವುದು), ಆಮೇಲೆ ಹತ್ತು ವರ್ಷಕ್ಕೊಮ್ಮೆ. ನಮ್ಮಂಥ ಹಳೆಯ ಕಟ್ಟಡಗಳಿಗೆ 2024ರ ಡಿಸೆಂಬರ್ 31 ಗಡುವು. ಅದರ ಜೊತೆಗೆ ಚಾವಣಿ, ಹೊರೆ ಹೊರುವ ಗೋಡೆ ಕಂಬ, ಪೈಪು, ಕರೆಂಟು, ವಾಟರ್‌ಪ್ರೂಫಿಂಗ್, ಕಿಟಕಿ ಇವುಗಳ ಆಯಸ್ಸು ಎಷ್ಟು ಉಳಿದಿದೆ, ಬದಲಿಸಲು ವರ್ಷಕ್ಕೆ ಎಷ್ಟು ಎತ್ತಿಡಬೇಕು ಎಂಬ ರಿಸರ್ವ್ ಅಧ್ಯಯನ. 2024ರ ಡಿಸೆಂಬರ್ 31ರಿಂದೀಚೆ ಪಾಸಾಗುವ ಬಜೆಟ್ಟಿನಲ್ಲಿ ಇವುಗಳ ರಿಸರ್ವನ್ನು ವೋಟು ಹಾಕಿ ಬಿಡುವಂತಿಲ್ಲ. ಇದನ್ನು ಶಾಪ ಹಾಕುವವರು ನಮ್ಮಲ್ಲಿ ಈಗಲೂ ಇದ್ದಾರೆ. ನಾನು ಆ ಕಾನೂನಿನ ಪರ. ಆದರೆ ನಲವತ್ತು ವರ್ಷದ ಬಾಕಿಯನ್ನು ಮೂರು ವರ್ಷದಲ್ಲಿ ಕಟ್ಟಿ ಎಂದರೆ, ಆ ಹೊತ್ತಿಗೆ ಮನೆಯಲ್ಲಿ ಯಾರಿದ್ದರೋ ಅವರ ಬೆನ್ನೇ ಮುರಿಯುತ್ತದೆ. ಹಿಂದೆ ಕಡಿಮೆ ಫೀ ಕೊಟ್ಟು ಇದ್ದು, ಮನೆ ಮಾರಿ ಹೋದವರಿಗೆ ಏನೂ ಆಗಲಿಲ್ಲ.

2024ರ ಮಾರ್ಚಿನಲ್ಲಿ ಎಂಜಿನಿಯರ್ ಬಂದಾಗ ಅವರ ಜೊತೆ ಎರಡು ದಿನ ತಿರುಗಿದೆ. ಕೈಯಲ್ಲಿ ಒಂದು ಸಣ್ಣ ಸುತ್ತಿಗೆ ಅಷ್ಟೆ. ಬಾಲ್ಕನಿಯ ನೆಲದ ಮೇಲೆ ಮಂಡಿಯೂರಿ ಗೇಣುಗೇಣಿಗೂ ತಟ್ಟುತ್ತಾ ಹೋಗುತ್ತಿದ್ದರು. ಗಟ್ಟಿಯಿದ್ದಲ್ಲಿ ಟಣ್ ಟಣ್. ಇದ್ದಕ್ಕಿದ್ದಂತೆ ಒಂದು ಕಡೆ ಬೋದುಬೋದು ಸದ್ದು, ಒಣಗಿದ ಸೋರೆಬುರುಡೆ ತಟ್ಟಿದ ಹಾಗೆ. ಅಲ್ಲಿ ಸೀಮೆಸುಣ್ಣದಲ್ಲಿ ಸುತ್ತು ಬರೆಯುತ್ತಿದ್ದರು. ಉಪ್ಪು ಒಳಗಿಳಿದು ಕಂಬಿಗೆ ತುಕ್ಕು ಹಿಡಿದಿದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಮೇಲಿನ ಕಾಂಕ್ರೀಟನ್ನು ಪದರವಾಗಿ ಎಬ್ಬಿಸುತ್ತದೆ ಎಂದು ವಿವರಿಸಿದರು. ನಮ್ಮ ಬಾಲ್ಕನಿಯಲ್ಲಿ ಮೂರು ಸುತ್ತು. ನನ್ನ ಮಗಳು ಕೂತು ಹೋಮ್‌ವರ್ಕ್ ಮಾಡುವ ಜಾಗದಲ್ಲೇ ಒಂದು. ಎರಡನೇ ದಿನ ಸಂಜೆ ಕೆಳಗೆ ನಿಂತು ನೋಡಿದರೆ ಇಡೀ ಪಡುವಣ ಗೋಡೆ ಬಿಳಿ ಸುತ್ತುಗಳಿಂದ ತುಂಬಿತ್ತು.

ರಿಪೇರಿಗೆ 16 ಲಕ್ಷ 80 ಸಾವಿರ ಡಾಲರ್. ನಮ್ಮ ಡಿಕ್ಲರೇಷನ್ನಿನಲ್ಲಿ, ಅಂದರೆ ಕಾಂಡೋದ ಮೂಲ ದಸ್ತಾವೇಜಿನಲ್ಲಿ, ಎಲ್ಲ ಮನೆಗೂ ಸಮಪಾಲು, ಹಾಗಾಗಿ ಮನೆಗೆ 30 ಸಾವಿರ.

ಸ್ಪೆಷಲ್ ಅಸೆಸ್‌ಮೆಂಟಿನ ಸಭೆಗೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಆ 14 ದಿನದಲ್ಲಿ ನಾನು ಮಾಡಿದ ಕೆಲಸವೆಂದರೆ, ಒಂದು ಹಾಳೆಯ ಮೇಲೆ ಒಂದು ಮನೆಯ ಲೆಕ್ಕ ಬರೆದು 56 ಬಾಗಿಲಿಗೂ ಹಂಚಿದ್ದು. ಲಕ್ಷಗಟ್ಟಲೆ ಅಂಕಿ ಕಂಡರೆ ಜನಕ್ಕೆ ಸಿಟ್ಟು ಬರುತ್ತದೆಯೇ ಹೊರತು ಅರ್ಥವಾಗುವುದಿಲ್ಲ. ತನ್ನ ಮನೆಗೆ ತಿಂಗಳಿಗೆ ಎಷ್ಟು ಎಂದರೆ ಕೂಡಲೇ ಪ್ರಶ್ನೆ ಕೇಳುತ್ತಾರೆ. ಒಂದೇ ಸಲ ಕೊಡುವವರು 30 ಸಾವಿರ ಕೊಡಬಹುದು. ಆಗದವರ ಪಾಲಿಗೆ ಅಸೋಸಿಯೇಷನ್ ಹೆಸರಲ್ಲಿ ಬ್ಯಾಂಕ್ ಸಾಲ: ಶೇ. 7.5 ಬಡ್ಡಿ, 10 ವರ್ಷ, ತಿಂಗಳಿಗೆ 356 ಡಾಲರ್. ಹತ್ತು ವರ್ಷದಲ್ಲಿ ಬಡ್ಡಿಯೇ 12,700ರ ಆಸುಪಾಸು. ಅದನ್ನೂ ಹಾಳೆಯಲ್ಲಿ ಬರೆದೆ, ಮುಚ್ಚಿಡಲಿಲ್ಲ.

ಸಭೆಯ ದಿನ ಜಾಗ ಸಾಲದೆ ಜನ ಈಜುಕೊಳದವರೆಗೂ ನಿಂತಿದ್ದರು. ಐದನೇ ಮಹಡಿಯ, 81 ವರ್ಷದ ನಿವೃತ್ತ ನರ್ಸ್ ಒಬ್ಬರು ನನ್ನ ಹಾಳೆಯನ್ನು ಹಿಡಿದು ಎದ್ದರು. “ನನ್ನ ಮನೆ ಸಾಲ 2004ರಲ್ಲೇ ತೀರಿದೆ. ಈಗ ಮತ್ತೆ ಫೀ, ಕಂತು ಎಲ್ಲ ಸೇರಿ ತಿಂಗಳಿಗೆ ಸಾವಿರದ ನೂರು ಅನ್ನುತ್ತೀರಿ. ಹಾಗಾದರೆ ಇದು ಯಾರ ಮನೆ?” ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಫೀ ಅಥವಾ ಅಸೆಸ್‌ಮೆಂಟ್ ಬಾಕಿ ಬಿದ್ದರೆ ಅಸೋಸಿಯೇಷನ್ ಮನೆಯ ಮೇಲೆ ಲಿಯನ್ (ಬಾಕಿಗಾಗಿ ಹಕ್ಕುಸಾಧನೆ) ಹಾಕಬಹುದು, ವರ್ಷಕ್ಕೆ ಶೇ. 18ರವರೆಗೆ ಬಡ್ಡಿ ಹಾಕಬಹುದು, ಕೊನೆಗೆ ಮನೆಯನ್ನೇ ಹರಾಜಿಗೆ ತರಬಹುದು. ಸಾಲ ತೀರಿಸಿದ ಮನೆ ಎಂಬುದು ಇದಕ್ಕೆ ಅಡ್ಡ ಬರುವುದಿಲ್ಲ. ಅವರಿಗೂ ಅದು ಗೊತ್ತಿತ್ತು.

ಇನ್ನು ವಿಮೆ. ಇದರಲ್ಲಿ ನಾನು ಕಲಿತದ್ದೇ ಹೆಚ್ಚು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

2016ರಲ್ಲಿ ಇಡೀ ಕಟ್ಟಡದ ಮಾಸ್ಟರ್ ಪಾಲಿಸಿಯ ಪ್ರೀಮಿಯಂ 87,360 ಡಾಲರ್. 2023ರಲ್ಲಿ 3,02,400. ಮನೆಗೆ ತಿಂಗಳಿಗೆ 130 ಇದ್ದದ್ದು 450. 2022ರಲ್ಲಿ ಫ್ಲಾರಿಡಾದ ಹಲವು ವಿಮಾ ಕಂಪನಿಗಳು ದಿವಾಳಿಯಾದವು, ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಬಂತು, ವಿಮಾ ಕಂಪನಿಗಳೇ ಕೊಳ್ಳುವ ವಿಮೆಯಾದ ರೀಇನ್ಶೂರೆನ್ಸ್ ದುಬಾರಿಯಾಯಿತು. ಕ್ಲೇಮಿನ ಕೇಸು ಗೆದ್ದರೆ ಮನೆಯವರ ವಕೀಲರ ಫೀಯನ್ನೂ ಕಂಪನಿಯೇ ಕೊಡಬೇಕೆಂಬ ಹಳೆಯ ನಿಯಮವನ್ನು ಆ ಡಿಸೆಂಬರಿನಲ್ಲಿ ತೆಗೆದರು. ಕಂಪನಿಗಳು ಉಸಿರಾಡಿದವು. ನಮ್ಮ ಪ್ರೀಮಿಯಂ ಮಾತ್ರ ಏರಿದಲ್ಲೇ ಹೆಚ್ಚುಕಡಿಮೆ ನಿಂತಿದೆ.

ಪ್ರೀಮಿಯಂಗಿಂತ ಮೊದಲು ನೋಡಬೇಕಾದ್ದು ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ಮೊದಲು ನಾವೇ ಹೊರಬೇಕಾದ ಪಾಲು. ಚಂಡಮಾರುತದ ಡಿಡಕ್ಟಿಬಲ್ ಇಲ್ಲಿ ಶೇಕಡಾವಾರು ಇರುತ್ತದೆ, ಅದೂ ನಷ್ಟದ ಮೇಲಲ್ಲ, ಕಟ್ಟಡದ ವಿಮಾ ಮೌಲ್ಯದ ಮೇಲೆ. ನಮ್ಮದು 2 ಕೋಟಿ 24 ಲಕ್ಷ ಡಾಲರ್. ಶೇ. 5 ಎಂದರೆ 11 ಲಕ್ಷ 20 ಸಾವಿರ, ಮನೆಗೆ 20 ಸಾವಿರ. ಶೇ. 3 ಎಂದರೆ ಮನೆಗೆ 12 ಸಾವಿರ. ಮೂರಕ್ಕೆ ಇಳಿಸಲು ಮನೆಗೆ ವರ್ಷಕ್ಕೆ 660 ಡಾಲರ್ ಹೆಚ್ಚು ಕೇಳಿದರು. ದೊಡ್ಡ ಚಂಡಮಾರುತ 12 ವರ್ಷದೊಳಗೆ ಬಡಿದರೆ ಶೇ. 3ರ ಆಯ್ಕೆ ಲಾಭ, ಬಡಿಯದಿದ್ದರೆ ಶೇ. 5ರದು. ಬೋರ್ಡಿನಲ್ಲಿ ಮೂರು ಗಂಟೆ ವಾದವಾಯಿತು. ನಮ್ಮಲ್ಲಿ ಅರ್ಧಕ್ಕರ್ಧ ಪಿಂಚಣಿಯವರು. ತಿಂಗಳಿಗೆ 55 ಹೇಗೋ ಹೊಂದಿಸಬಹುದು, ಒಂದೇ ಸಲ 20 ಸಾವಿರ ಅವರಿಂದಾಗದು ಎಂದು ನಾನು ಮೂರಕ್ಕೆ ವೋಟು ಹಾಕಿದೆ.

2024ರ ಅಕ್ಟೋಬರ್ 9ರಂದು ಮಿಲ್ಟನ್ ಚಂಡಮಾರುತ ಬಂತು. ಚಾವಣಿಯ ಪದರ ಕಿತ್ತುಹೋಗಿ 3,92,000 ಡಾಲರ್ ನಷ್ಟ. ಶೇ. 3ರ ಡಿಡಕ್ಟಿಬಲ್ಲೇ 6,72,000. ಪಾಲಿಸಿಯಿಂದ ಒಂದು ಡಾಲರೂ ಬರಲಿಲ್ಲ, ಮನೆಗೆ 7 ಸಾವಿರದಂತೆ ನಾವೇ ಹಾಕಿದೆವು. ಅದಕ್ಕೆ ಎರಡು ವಾರ ಮೊದಲು ಹೆಲೀನ್ ಬಂದಾಗ ಸಮುದ್ರದ ನೀರು ನೆಲಮಹಡಿಯ ಪಾರ್ಕಿಂಗಿಗೆ ನುಗ್ಗಿತ್ತು. ಅದು ಪ್ರವಾಹದ ಲೆಕ್ಕ. ಗಾಳಿಯ ಪಾಲಿಸಿಗೂ ಅದಕ್ಕೂ ಸಂಬಂಧವಿಲ್ಲ, ಫ್ಲಡ್ ಪಾಲಿಸಿ ಬೇರೆಯೇ ಇರಬೇಕು.

ಆಗ ಬಹಳ ಜನ ನನ್ನನ್ನು ಕೇಳಿದ್ದು, ನಮ್ಮ ಸ್ವಂತ ಪಾಲಿಸಿ ಏನು ಕೊಡುತ್ತದೆ ಎಂದು. ಕಾಂಡೋ ಮಾಲೀಕರು ತೆಗೆದುಕೊಳ್ಳುವ ಎಚ್‌ಒ-6 ಪಾಲಿಸಿಯಲ್ಲಿ ‘ಲಾಸ್ ಅಸೆಸ್‌ಮೆಂಟ್’ ಎಂಬ ಭಾಗವಿದೆ. ಫ್ಲಾರಿಡಾದಲ್ಲಿ ಅದು ಕನಿಷ್ಠ 2,000 ಡಾಲರ್ ಇರಲೇಬೇಕು, ಅದರ ಡಿಡಕ್ಟಿಬಲ್ 250 ಮೀರಬಾರದು. ಚಾವಣಿಯ 7 ಸಾವಿರದಲ್ಲಿ ನನಗೆ ಬಂದದ್ದು 1,750. ಕಾಂಕ್ರೀಟಿನ 30 ಸಾವಿರಕ್ಕೆ ಬಂದದ್ದು ಸೊನ್ನೆ. ಗಾಳಿ, ಬೆಂಕಿಯಂಥ ವಿಮೆಗೊಳಪಟ್ಟ ಅವಘಡದಿಂದ ಹುಟ್ಟಿದ ಅಸೆಸ್‌ಮೆಂಟಿಗಷ್ಟೇ ಅದು ಬರುತ್ತದೆ. ತುಕ್ಕು, ಸವೆತ, ವಯಸ್ಸು ಇವಕ್ಕೆ ಯಾವ ಪಾಲಿಸಿಯೂ ಇಲ್ಲ. ಆ 30 ಸಾವಿರಕ್ಕೆ ಇದ್ದ ಒಂದೇ ವಿಮೆ ನಾವು ವರ್ಷವರ್ಷವೂ ವೋಟು ಹಾಕಿ ಬಿಟ್ಟ ರಿಸರ್ವ್.

ಮನೆಯೊಳಗಿನದೂ ಒಂದು ಮಾತು. 2019ರಲ್ಲಿ ಮೇಲಿನ ಮನೆಯ ವಾಟರ್ ಹೀಟರ್ ಒಡೆದು ನಮ್ಮ ಅಡುಗೆಮನೆ ತೊಯ್ದುಹೋಯಿತು. ಎಲ್ಲ ಅಸೋಸಿಯೇಷನ್ ಪಾಲಿಸಿಯಲ್ಲೇ ಬರುತ್ತದೆಂದು ನಂಬಿದ್ದೆ. ಬರುವುದಿಲ್ಲ. ಗೋಡೆಯ ಡ್ರೈವಾಲ್ (ಜಿಪ್ಸಮ್ ಹಲಗೆ) ಅಸೋಸಿಯೇಷನ್ ಪಾಲಿಸಿಯದು. ಅದರ ಮೇಲಿನ ಬಣ್ಣ, ನೆಲದ ಹಾಸು, ಕ್ಯಾಬಿನೆಟ್, ಕೌಂಟರ್‌ಟಾಪ್, ಫ್ರಿಜ್ಜು ಒಲೆ, ದೀಪ, ವಾಟರ್ ಹೀಟರ್, ಕಿಟಕಿಯ ಪರದೆ ಎಲ್ಲ ಮಾಲೀಕರದು ಎಂದು ಕಾಯ್ದೆಯಲ್ಲೇ ಪಟ್ಟಿ ಇದೆ. ಆ ಪಟ್ಟಿ ಹಿಡಿದು ಮನೆಯಲ್ಲಿ ಒಂದು ಸುತ್ತು ನಡೆದು, ಒಂದೊಂದಕ್ಕೂ ಇವತ್ತಿನ ಬೆಲೆ ಬರೆದು, ಆ ಮೊತ್ತಕ್ಕೆ ಎಚ್‌ಒ-6 ತೆಗೆದುಕೊಳ್ಳಿ. ನಾನು ಮಾಡಿದಾಗ, ಏಜೆಂಟ್ ಹಾಕಿಕೊಟ್ಟಿದ್ದ ಮೊತ್ತ ಅರ್ಧಕ್ಕೂ ಸಾಲುತ್ತಿರಲಿಲ್ಲ.

ರಿಸರ್ವ್ ಅಧ್ಯಯನದ ಗಡುವನ್ನು 2025ರಲ್ಲಿ ಒಂದು ವರ್ಷ ಮುಂದೂಡಿದರು. ಮೈಲ್‌ಸ್ಟೋನ್ ತಪಾಸಣೆ ಮುಗಿಸಿ ರಿಪೇರಿಗೆ ಹಣ ಹಾಕುತ್ತಿರುವ ಕಟ್ಟಡಗಳು, ಒಟ್ಟು ಮಾಲೀಕರ ಬಹುಮತವಿದ್ದರೆ, ಎರಡು ಬಜೆಟ್ಟಿನವರೆಗೆ ರಿಸರ್ವ್ ನಿಲ್ಲಿಸಬಹುದು ಎಂದೂ ಆಯಿತು. ನಮ್ಮಲ್ಲೂ ವೋಟು ನಡೆಯಿತು. ನಿಲ್ಲಿಸುವುದು ಬೇಡವೆಂದು ನಾನು ಮನೆಮನೆಗೆ ಹೋಗಿ ಹೇಳಿದೆ. ಕಾರಣವೂ ಇತ್ತು: ಮನೆ ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕುಗಳು, ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದಂತೆ, ಅಸೋಸಿಯೇಷನ್ ಬಜೆಟ್ಟಿನ ಶೇ. 10ರಷ್ಟಾದರೂ ರಿಸರ್ವಿಗೆ ಹೋಗುತ್ತಿದೆಯಾ ಎಂದು ನೋಡುತ್ತಿದ್ದವು. ಅದಿಲ್ಲದ ಕಾರಣಕ್ಕೆ 2023ರಲ್ಲಿ ನಮ್ಮ ಮೂರನೇ ಮಹಡಿಯ ಒಂದು ಮಾರಾಟ ಕೊನೇ ವಾರದಲ್ಲಿ ಮುರಿದುಬಿದ್ದಿತ್ತು. ರಿಸರ್ವ್ ನಿಲ್ಲಿಸಲು 29 ವೋಟು ಬೇಕಿತ್ತು, 24 ಬಿದ್ದವು. 2026ರ ಬಜೆಟ್ಟಿನಲ್ಲಿ ರಿಸರ್ವ್ ಮನೆಗೆ ತಿಂಗಳಿಗೆ 325. ವಿಮೆ 450, ದಿನನಿತ್ಯದ ಖರ್ಚು 300. ಒಟ್ಟು 1,075.

ನರ್ಸಮ್ಮ ಆ ವೋಟಿಗೆ ಮೊದಲೇ ಮನೆ ಮಾರಿದರು. ಹೊರಡುವ ದಿನ ಒಂದು ರಟ್ಟಿನ ಡಬ್ಬ ತಂದುಕೊಟ್ಟರು. ಒಳಗೆ 1998ರಿಂದ ಬಂದ ಎಲ್ಲ ಬಜೆಟ್ಟುಗಳು, ಸಭೆಯ ನಡಾವಳಿಗಳು, ಅಸೋಸಿಯೇಷನ್ ಕಚೇರಿಯಲ್ಲೂ ಇಲ್ಲದ 2001ರ ವಾಟರ್‌ಪ್ರೂಫಿಂಗ್ ಬಿಲ್ಲು. ಮಾರ್ಚಿನಲ್ಲಿ, ವಿಮೆಗಾಗಿ ಮಾಡಿಸಿದ ಕಟ್ಟಡದ ಮೌಲ್ಯಮಾಪನಕ್ಕೆ ಮೂರು ವರ್ಷ ತುಂಬುತ್ತದೆ, ಮತ್ತೆ ಮಾಡಿಸಬೇಕು. ಅದಾದ ಮೇಲೆ ವಿಮೆಯ ರಿನ್ಯೂವಲ್. ಹೊಸ ಚಾವಣಿಯ ವರದಿ, ಗಾಳಿ ತಡೆಯುವ ಕಿಟಕಿಗಳ ವಿವರ ಕೊಟ್ಟರೆ ರಿಯಾಯಿತಿ ಸಿಗಬೇಕೆಂದು ಕಾನೂನೇ ಹೇಳುತ್ತದೆ. ಆ ಡಬ್ಬದ ಕಾಗದಗಳನ್ನು ಒಂದೊಂದೇ ಸ್ಕ್ಯಾನ್ ಮಾಡುತ್ತಿದ್ದೇನೆ, 2009ರವರೆಗೆ ಆಗಿದೆ.