ಲೈನ್ ಯಾಕೆ ನಿಂತಿತು?

"ದಾವಣಗೆರೆಯಲ್ಲಿ ಕಾರು ಕಾರ್ಖಾನೆನೇ ಇಲ್ಲವಲ್ಲ, ಇಲ್ಲಿ ಕೂತು ಅದರ ಬಗ್ಗೆ ಏನು ಬರೀತೀರಿ ಮೇಡಂ?"

ಹೊಸದಾಗಿ ಪರಿಚಯ ಆದವರೆಲ್ಲ ಕೇಳುವ ಮಾತು ಇದು. ಕಾರ್ಖಾನೆ ಇಲ್ಲಿಲ್ಲ, ನಿಜ. ಟೊಯೊಟಾ ಬಿಡದಿಯಲ್ಲಿದೆ, ವೋಲ್ವೊ ಹೊಸಕೋಟೆಯಲ್ಲಿ, ಹೋಂಡಾ ದ್ವಿಚಕ್ರ ವಾಹನ ನರಸಾಪುರದಲ್ಲಿ, ಟಾಟಾ ಬಸ್ಸು ಧಾರವಾಡದಲ್ಲಿ. ಆದರೆ ರಾಷ್ಟ್ರೀಯ ಹೆದ್ದಾರಿ 48 ನಮ್ಮೂರ ಪಕ್ಕದಲ್ಲೇ ಹೋಗುತ್ತದೆ. ಹೊಸ ಕಾರು ತುಂಬಿದ ಉದ್ದನೆಯ ಲಾರಿಗಳು ಇಲ್ಲಿನ ಡಾಬಾಗಳ ಮುಂದೆ ನಿಲ್ಲುತ್ತವೆ. ಇಲ್ಲಿ ಐಟಿಐ, ಡಿಪ್ಲೊಮಾ ಓದಿದ ಹುಡುಗರು ಆ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದಾರೆ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಈಗಿಲ್ಲ, ಅದರ ಲೇತ್‌ಗಳು ಮಾತ್ರ ನಮ್ಮ ವರ್ಕ್‌ಶಾಪ್‌ಗಳಲ್ಲಿ ಇನ್ನೂ ತಿರುಗುತ್ತಿವೆ. ನನ್ನ ಸುದ್ದಿಯ ಅರ್ಧ ಸಿಗುವುದು ಇಲ್ಲೇ.

ನಾನು ಶುರು ಮಾಡಿದ್ದು ಎಪಿಎಂಸಿ ಧಾರಣೆಯಿಂದ. ಮೆಕ್ಕೆಜೋಳದ ಬೆಲೆ, ಭದ್ರಾ ನಾಲೆಯ ನೀರು, ಪಾಲಿಕೆ ಸಭೆ. ಒಂದು ದಿನ ಸಂಪಾದಕರು ಫೋನ್ ಮಾಡಿದರು. ಬೆಂಗಳೂರಿನ ಹತ್ತಿರದ ಒಂದು ವಾಹನ ಕಾರ್ಖಾನೆ ತೋರಿಸಲು ಪತ್ರಕರ್ತರನ್ನು ಕರೆದಿದ್ದಾರೆ, ಹೋಗಿ ಬನ್ನಿ ಅಂದರು. ಹೋದೆ. ಕೊಟ್ಟ ಪ್ರೆಸ್ ನೋಟ್ ಇಟ್ಟುಕೊಂಡು ವರದಿ ಬರೆದೆ. ಇಲ್ಲಿ ವರ್ಷಕ್ಕೆ ಇಷ್ಟು ಗಾಡಿ ತಯಾರಾಗುತ್ತವೆ ಅಂತ ದೊಡ್ಡದಾಗಿ ಬಂತು. ಅವತ್ತೇ ಅಲ್ಲಿ ಕೆಲಸ ಮಾಡುವ ಚಿತ್ರದುರ್ಗದ ಹುಡುಗನೊಬ್ಬ ನನ್ನ ನಂಬರ್ ಹುಡುಕಿ ಫೋನ್ ಮಾಡಿದ.

"ಮೇಡಂ, ಇಲ್ಲಿ ಎರಡನೇ ಶಿಫ್ಟೇ ನಡೀತಿಲ್ಲ. ಅಷ್ಟು ಗಾಡಿ ಎಲ್ಲಿಂದ ಬಂದವು?"

ಪ್ರೆಸ್ ನೋಟ್‌ನಲ್ಲಿ ಇದ್ದದ್ದು ಕಾರ್ಖಾನೆಯ ಸಾಮರ್ಥ್ಯ. ಅಷ್ಟು ಮಾಡಬಹುದು ಅಂತ. ನಾನು ಅಷ್ಟು ಮಾಡುತ್ತಿದ್ದಾರೆ ಅಂತ ಬರೆದುಬಿಟ್ಟಿದ್ದೆ. ತುಂಬಾ ಬೇಜಾರಾಯಿತು. ನಂಬಿ ಓದಿದವರಿಗೆ ತಪ್ಪು ಹೇಳಿದ ಹಾಗಾಯಿತು ಅಲ್ವಾ.

ಅಲ್ಲಿಂದ ಮುಂದೆ ನನ್ನ ನೋಟ್‌ಬುಕ್ಕಿನಲ್ಲಿ ಗಾಡಿ ಲೆಕ್ಕಕ್ಕೆ ನಾಲ್ಕು ಕಾಲಂ ಇವೆ. ಎಷ್ಟು ಮಾಡಬಹುದು, ಎಷ್ಟು ಮಾಡಿದರು, ಎಷ್ಟು ಡೀಲರ್‌ಗೆ ಕಳಿಸಿದರು, ಎಷ್ಟು ನೋಂದಣಿ ಆದವು. ವಾಹನ ತಯಾರಕರ ಸಂಘ ಸಿಯಾಮ್ ತಿಂಗಳಿಗೊಮ್ಮೆ ಕೊಡುವ ಕಾರು ಮಾರಾಟದ ಸಂಖ್ಯೆ ಮುಖ್ಯವಾಗಿ ಮೂರನೆಯದು, ಅಂದರೆ ಕಾರ್ಖಾನೆಯಿಂದ ಡೀಲರ್‌ಗೆ ಹೊರಟ ಗಾಡಿ. ಡೀಲರ್‌ಗಳ ಒಕ್ಕೂಟ ಫಾಡಾ ಕೊಡುವುದು ನಾಲ್ಕನೆಯದು. ಸರ್ಕಾರದ ವಾಹನ್ ದಾಖಲೆಯಿಂದ ತೆಗೆದದ್ದು, ಗಿರಾಕಿ ಹೆಸರಿಗೆ ನೋಂದಣಿ ಆದ ಗಾಡಿ. ಎರಡಕ್ಕೂ ಪತ್ರಿಕೆಯಲ್ಲಿ ನಾವು ಮಾರಾಟ ಅಂತಲೇ ಬರೆಯುತ್ತೇವೆ. ಇವೆರಡರ ನಡುವೆ ಅಂತರ ಹೆಚ್ಚುತ್ತಾ ಹೋದರೆ ಗಾಡಿ ಎಲ್ಲೋ ಬಿಸಿಲಲ್ಲಿ ಸುಮ್ನೆ ನಿಂತಿದೆ ಅಂತ ಅರ್ಥ. ಹಾಗೆ ಕಂಡಾಗ ನಾನು ಪಿ.ಬಿ. ರಸ್ತೆಯಲ್ಲಿ ಡೀಲರ್‌ಗಳ ಯಾರ್ಡ್ ನೋಡಿಕೊಂಡು ಬರುತ್ತೇನೆ. ಡಾಬಾದಲ್ಲಿ ಕಾರು ಲಾರಿ ಡ್ರೈವರ್‌ಗಳನ್ನು ಮಾತಾಡಿಸುತ್ತೇನೆ. ಎಲ್ಲಿ ಇಳಿಸಲು ಜಾಗ ಇಲ್ಲದೆ ಎರಡು ದಿನ ಕಾಯಬೇಕಾಯಿತು ಅನ್ನುವುದು ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತು.

ಕಾರ್ಖಾನೆ ಒಳಗೆ ಹೋದಾಗ ಇನ್ನೊಂದು ಕೆಲಸ ಮಾಡುತ್ತೇನೆ. ಗೇಟಿನಲ್ಲೇ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸಿರುತ್ತಾರೆ, ಹಳದಿ ಗೆರೆ ದಾಟಬಾರದು. ಆದರೆ ಕೈಗಡಿಯಾರಕ್ಕೆ ಯಾರೂ ಏನೂ ಅನ್ನುವುದಿಲ್ಲ. ಅಸೆಂಬ್ಲಿ ಲೈನ್ ಪಕ್ಕ ಒಂದು ಕಂಬ ಗುರುತು ಮಾಡಿಕೊಳ್ಳುತ್ತೇನೆ. ಆ ಕಂಬವನ್ನು ಒಂದು ಕಾರು ದಾಟಿದ ಮೇಲೆ ಮುಂದಿನದು ದಾಟಲು ಎಷ್ಟು ಸೆಕೆಂಡ್ ಬೇಕು ಅಂತ ನೋಡುತ್ತೇನೆ. ಹತ್ತು ಕಾರು ನೋಡಿದರೆ ಸಾಕು. ಒಂದು ಕಾರಿಗೂ ಮುಂದಿನದಕ್ಕೂ ಎಷ್ಟು ಹೊತ್ತು ಇರಬೇಕು ಅನ್ನುವ ಲೆಕ್ಕಕ್ಕೆ ಟ್ಯಾಕ್ಟ್ ಟೈಮ್ ಅಂತಾರೆ. ಲೆಕ್ಕ ಸುಲಭ. ಶಿಫ್ಟಿನಲ್ಲಿ ಕೆಲಸ ನಡೆಯುವುದು 450 ನಿಮಿಷ, ಬೇಕಾಗಿರುವುದು 300 ಕಾರು ಅಂದುಕೊಳ್ಳಿ. ತೊಂಬತ್ತು ಸೆಕೆಂಡಿಗೆ ಒಂದು ಕಾರು ಬರಬೇಕು. ಒಮ್ಮೆ ಒಬ್ಬ ಅಧಿಕಾರಿ ನಿಮಿಷಕ್ಕೊಂದು ಗಾಡಿ ಅಂದರು. ನನ್ನ ಗಡಿಯಾರದಲ್ಲಿ ಅದು ನೂರು ಸೆಕೆಂಡ್ ಹತ್ತಿರ ಇತ್ತು. ಕೇಳಿದೆ. ಬಿಡಿಭಾಗ ಬರುವುದು ತಡವಾಗಿದೆ ಅಂತ ಒಪ್ಪಿಕೊಂಡರು. ಆ ವಾರದ ನನ್ನ ಸುದ್ದಿ ಅದೇ ಆಯಿತು.

ರೋಬೋಟ್ ವಿಷಯ ಇಷ್ಟು ಬೇಗ ಕೈಗೆ ಸಿಗಲಿಲ್ಲ. ಮೊದಮೊದಲು ಎಲ್ಲರ ಹಾಗೆ ನಾನೂ ಕಿಡಿ ಹಾರುವುದನ್ನೇ ವರ್ಣಿಸುತ್ತಿದ್ದೆ. ಅದು ಸಾಲದು ಅನ್ನಿಸಿ ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿಗೆ ಹೋದೆ. ಅಲ್ಲಿನ ಮೇಷ್ಟ್ರು ಒಂದು ಚಿಕ್ಕ ರೋಬೋಟ್ ತೋಳನ್ನು ನನ್ನ ಕೈಯಿಂದಲೇ ನಡೆಸಿದರು. ನಿಮ್ಮ ಕೈ ನೋಡಿಕೊಳ್ಳಿ ಅಂದರು. ಭುಜ, ಮೊಣಕೈ, ಮಣಿಕಟ್ಟು. ಕಾರ್ಖಾನೆಯ ತೋಳಿಗೂ ಅಂಥವೇ ಆರು ಕೀಲು. ಕೈಯಲ್ಲಿ ಹಿಡಿಯುವ ರಿಮೋಟ್ ತರದ ಪೆಟ್ಟಿಗೆ ಇರುತ್ತದೆ, ಟೀಚ್ ಪೆಂಡೆಂಟ್ ಅಂತಾರೆ. ಅದರಿಂದ ತೋಳನ್ನು ಒಂದು ಜಾಗಕ್ಕೆ ಒಯ್ದು, ಆ ಜಾಗ ನೆನಪಿಟ್ಟುಕೋ ಅಂತ ಒತ್ತಬೇಕು. ಆಮೇಲೆ ಇನ್ನೊಂದು ಜಾಗ. ಹೀಗೆ ಕಲಿಸುವಾಗ ತೋಳಿನ ತುದಿ ಸೆಕೆಂಡಿಗೆ 250 ಮಿಲಿಮೀಟರ್‌ಗಿಂತ ಜೋರಾಗಿ ಹೋಗುವ ಹಾಗಿಲ್ಲ. ಪೆಂಡೆಂಟಿನ ಹಿಂದೆ ಒಂದು ಗುಂಡಿ ಇದೆ. ಹದವಾಗಿ ಒತ್ತಿ ಹಿಡಿದರೆ ಮಾತ್ರ ತೋಳು ಅಲ್ಲಾಡುತ್ತದೆ. ಕೈ ಬಿಟ್ಟರೂ ನಿಲ್ಲುತ್ತದೆ, ಗಾಬರಿಯಲ್ಲಿ ಗಟ್ಟಿಯಾಗಿ ಅದುಮಿದರೂ ನಿಲ್ಲುತ್ತದೆ. ಮನುಷ್ಯ ಹೆದರಿದಾಗ ಎರಡರಲ್ಲಿ ಒಂದು ಮಾಡುತ್ತಾನೆ ಅಂತ ಯಾರೋ ಯೋಚನೆ ಮಾಡಿ ಇಟ್ಟಿದ್ದಾರೆ. ನನಗೆ ಆ ಗುಂಡಿ ತುಂಬಾ ಹಿಡಿಸಿತು. ಅದರ ಹಿಂದೆ ನೋವೂ ಇದೆ. 1979ರಲ್ಲಿ ಅಮೆರಿಕದ ಮಿಚಿಗನ್‌ನ ಒಂದು ಎರಕದ ಕಾರ್ಖಾನೆಯಲ್ಲಿ ರೋಬೋಟ್ ಬಡಿದು ಒಬ್ಬ ಯುವ ಕಾರ್ಮಿಕ ತೀರಿಕೊಂಡ. ಇವತ್ತು ರೋಬೋಟ್ ಸುತ್ತ ಕಾಣುವ ಬೇಲಿ, ಬೀಗ, ಸೆನ್ಸರ್ ಎಲ್ಲ ಅಂಥ ಸಾವು ಮತ್ತೆ ಆಗಬಾರದು ಅಂತ ಇರುವವು.

ನನ್ನ ಕೆಲಸದ ದಾರಿ ಬದಲಾಗಿದ್ದು ಒಂದು ವೆಲ್ಡ್ ಶಾಪಿನಲ್ಲಿ. ಕಾರಿನ ಮೈಗೆ ಸಾವಿರಾರು ಕಡೆ ಸ್ಪಾಟ್ ವೆಲ್ಡಿಂಗ್, ಅಂದರೆ ಶೀಟುಗಳನ್ನು ಚುಕ್ಕೆ ಚುಕ್ಕೆಯಾಗಿ ಸೇರಿಸುವ ಬೆಸುಗೆ, ಇರುತ್ತದೆ. ಅಲ್ಲಿ ಹತ್ತಾರು ರೋಬೋಟ್‌ಗಳು ಬಗ್ಗಿ ಎದ್ದು ಮಾಡುತ್ತಿದ್ದವು. ಇದ್ದಕ್ಕಿದ್ದ ಹಾಗೆ ಎಲ್ಲ ನಿಂತವು. ಹಳದಿ ದೀಪ ಹತ್ತಿತು. ಜೊತೆಗಿದ್ದ ಕಂಪನಿಯವರು ಅವಸರದಿಂದ "ಬನ್ನಿ ಮೇಡಂ, ಪೇಂಟ್ ಶಾಪ್ ನೋಡೋಣ" ಅಂದರು. ಉಳಿದ ಪತ್ರಕರ್ತರು ಹೋದರು. ನಾನು ಶೂ ಲೇಸ್ ಕಟ್ಟಿಕೊಳ್ಳುವ ನೆವ ಮಾಡಿ ಅಲ್ಲೇ ನಿಂತೆ.

ಇಬ್ಬರು ಟೆಕ್ನಿಷಿಯನ್‌ಗಳು ಬಂದರು. ಬೇಲಿಯ ಬಾಗಿಲಿಗೆ ತಮ್ಮ ಬೀಗ ಹಾಕಿಕೊಂಡು ಒಳಗೆ ಹೋದರು. ಒಳಗೆ ಮನುಷ್ಯ ಇರುವವರೆಗೆ ಯಾರೂ ಚಾಲೂ ಮಾಡಬಾರದು ಅಂತ ಆ ಬೀಗ. ಹೊರಗೆ ಬಂದ ಮೇಲೆ ಒಬ್ಬನನ್ನು ಕೇಳಿದೆ, ಏನಾಗಿತ್ತು ಅಂತ. ಬೆಸುಗೆ ಹಾಕುವ ತಾಮ್ರದ ತುದಿ ಸವೆದು ಶೀಟಿಗೆ ಅಂಟಿಕೊಂಡಿತ್ತಂತೆ. ನೂರಾರು ಬೆಸುಗೆ ಹಾಕುವಷ್ಟರಲ್ಲಿ ಆ ತುದಿ ಅಣಬೆ ಹಾಗೆ ಅಗಲ ಆಗುತ್ತದೆ, ಆಗಾಗ ಕೆತ್ತಿ ಸರಿ ಮಾಡುತ್ತಿರಬೇಕು. ಶೀಟ್ ಬೇರೆ ಸ್ವಲ್ಪ ಸರಿದಿತ್ತು.

"ರೋಬೋಟ್‌ಗೆ ಅದು ಕಾಣಲಿಲ್ವಾ?" ಅಂದೆ.

"ಇಲ್ಲ ಮೇಡಂ. ಇದು ನಿನ್ನೆ ಹೋದ ಜಾಗಕ್ಕೇ ಹೋಗುತ್ತೆ. ಶೀಟ್ ಅಲ್ಲಿ ಇದೆಯೋ ಇಲ್ವೋ ನೋಡೋರು ನಾವು."

ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ವ್ಯತ್ಯಾಸದಲ್ಲಿ ಮತ್ತೆ ಮತ್ತೆ ಅದೇ ಬಿಂದುವಿಗೆ ಹೋಗಬಲ್ಲ ಯಂತ್ರದ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಅದು. ಈಗ ಕ್ಯಾಮೆರಾ ಇರುವ ರೋಬೋಟ್‌ಗಳೂ ಬಂದಿವೆ. ಆದರೂ ಅಂತಿಮ ಜೋಡಣೆಯ ಲೈನಿನಲ್ಲಿ ಜಾಸ್ತಿ ಕಾಣುವುದು ಮನುಷ್ಯರೇ. ವೈರಿನ ಕಟ್ಟು ಬಳುಕುತ್ತದೆ, ರಬ್ಬರ್ ಬೀಡಿಂಗ್ ಜಾರುತ್ತದೆ. ನಿನ್ನೆ ಇದ್ದ ಹಾಗೆ ಇವತ್ತು ಇರುವುದಿಲ್ಲ.

ರಾತ್ರಿ ಬಸ್ಸಿಗೆ ಊರಿಗೆ ಬಂದೆ. ಬೆಳಿಗ್ಗೆ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದವರು. ಮಿಲ್ ಮುಚ್ಚಿ ಎಷ್ಟೋ ವರ್ಷ ಆಯಿತು. ಆ ಸದ್ದಿಗೆ ಕಿವಿ ಮಂದವಾಗಿ ಈಗಲೂ ಗಟ್ಟಿಯಾಗಿಯೇ ಮಾತಾಡುತ್ತಾರೆ. ಲೈನ್ ನಿಂತಿತು, ಅವರಿಗೆ ನಾಚಿಕೆ ಆಯಿತು ಅಂತ ಕಾಣುತ್ತೆ, ನಮ್ಮನ್ನು ಅಲ್ಲಿಂದ ಕರೆದುಕೊಂಡು ಹೋದರು ಅಂದೆ. ಅಪ್ಪ ಕಾಫಿ ಲೋಟ ಕೆಳಗಿಟ್ಟರು.

"ಅದ್ರಾಗೆ ನಾಚಿಕೆ ಏನವ್ವಾ? ಎಳೆ ಕಡಿದ ಮೇಲೂ ಮಗ್ಗ ಓಡಿದ್ರೆ ಬಟ್ಟೆ ಪೂರಾ ಕೆಡ್ತದೆ. ನಿಂತಿದ್ದು ಒಳ್ಳೇದಾತಲ್ಲ. ಯಾಕ್ ನಿಂತು ಅಂತ ಕೇಳಿದ್ಯಾ?"

ಈ ಮಾತಿಗೂ ಕಾರಿಗೂ ಎಷ್ಟು ಹತ್ತಿರದ ನಂಟು ಅಂತ ನನಗೆ ತಿಳಿದದ್ದು ಆಮೇಲೆ ಓದಿದಾಗ. ಟೊಯೊಟಾ ಮನೆತನ ಶುರುವಾಗಿದ್ದು ಮಗ್ಗದಿಂದ. ಸಕಿಚಿ ಟೊಯೊಡಾ 1924ರಲ್ಲಿ ಹೊರತಂದ ಸ್ವಯಂಚಾಲಿತ ಮಗ್ಗ ಎಳೆ ಕಡಿದರೆ ತಾನೇ ನಿಲ್ಲುತ್ತಿತ್ತು. 1929ರಲ್ಲಿ ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಮಾರಿದರು. ಮಗ ಕೀಚಿರೊ ಕಾರಿನ ಕೆಲಸಕ್ಕೆ ಕೈ ಹಾಕಿದ. 1937ರಲ್ಲಿ ಟೊಯೊಟಾ ಮೋಟಾರ್ ಕಂಪನಿ ಆಯಿತು. ತಪ್ಪು ಕಂಡ ಕೂಡಲೇ ನಿಲ್ಲಬೇಕು ಅನ್ನುವ ಮಗ್ಗದ ನಿಯಮ ಕಾರಿನ ಲೈನಿಗೂ ಬಂತು. ಅದಕ್ಕೆ ಜಿಡೋಕಾ ಅಂತಾರೆ. ಜಪಾನಿ ಲಿಪಿಯಲ್ಲಿ ಆ ಪದ ಬರೆಯುವಾಗ ಮನುಷ್ಯ ಅನ್ನುವ ಗುರುತನ್ನು ಬೇಕೆಂದೇ ಸೇರಿಸಿ ಬರೆಯುತ್ತಾರೆ. ಲೈನಿನಲ್ಲಿ ತೊಂದರೆ ಕಂಡ ಕೆಲಸಗಾರ ಒಂದು ಹಗ್ಗ ಎಳೆದು ಎಲ್ಲರನ್ನೂ ಎಚ್ಚರಿಸಬಹುದು. ತೊಂದರೆ ಬೇಗ ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ. ನಮ್ಮೂರ ಮಿಲ್ಲಿನ ಶೆಡ್ಡಿನಲ್ಲಿ ಅಪ್ಪ ಕಡಿದ ಎಳೆ ಹುಡುಕಿ ಗಂಟು ಹಾಕಿ ಮತ್ತೆ ಚಾಲೂ ಮಾಡುತ್ತಿದ್ದರಲ್ಲ, ಅದೇ ಕೆಲಸವನ್ನು ಆ ಇಬ್ಬರು ಹುಡುಗರು ಮಾಡುತ್ತಿದ್ದರು. ಇದು ಗೊತ್ತಾದ ದಿನ ನನಗೆ ನನ್ನ ಕೆಲಸದ ಮೇಲೆ ಹೊಸ ಪ್ರೀತಿ ಬಂತು.

ಈಗ ಯಾವ ಕಾರ್ಖಾನೆಗೆ ಹೋದರೂ ಎಷ್ಟು ರೋಬೋಟ್ ಇವೆ ಅಂತ ಕೊನೆಗೆ ಕೇಳುತ್ತೇನೆ. ಮೊದಲು ಕೇಳುವುದು: ನಿನ್ನೆ ಲೈನ್ ಎಷ್ಟು ಸಲ ನಿಂತಿತು, ಯಾಕೆ ನಿಂತಿತು, ಯಾರು ಚಾಲೂ ಮಾಡಿದರು. ಚೆನ್ನಾಗಿ ನಡೆಯುವ ಕಾರ್ಖಾನೆಯವರು ಇದಕ್ಕೆ ಖುಷಿಯಿಂದ ಉತ್ತರ ಕೊಡುತ್ತಾರೆ, ಬೋರ್ಡಿನ ಮೇಲೆ ಬರೆದೇ ಇಟ್ಟಿರುತ್ತಾರೆ. ಒಮ್ಮೆಯೂ ನಿಲ್ಲಲಿಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ.

ಮನುಷ್ಯನ ಆಕಾರದ ರೋಬೋಟ್‌ಗಳ ವಿಡಿಯೊಗಳಿಗೂ ಇದೇ ಅಳತೆ. ಈಗ ವಾರಕ್ಕೊಂದು ಬರುತ್ತಿದೆ. ಇದು ನಿಜವಾದ ವೇಗವೋ, ವಿಡಿಯೊ ಜೋರಾಗಿ ಓಡಿಸಿದ್ದಾರೋ? ದೂರದಲ್ಲಿ ಕೂತು ಯಾರಾದರೂ ನಡೆಸುತ್ತಿದ್ದಾರಾ? ಎಷ್ಟನೇ ಪ್ರಯತ್ನದಲ್ಲಿ ಹೀಗೆ ಬಂತು? ಉತ್ತರ ಬರದಿದ್ದರೆ ಅದನ್ನೂ ಬರೆಯುತ್ತೇನೆ. 2018ರಲ್ಲಿ ಟೆಸ್ಲಾದ ಮಸ್ಕ್ ಅವರೇ ತಮ್ಮ ಕಾರ್ಖಾನೆಯಲ್ಲಿ ಅತಿಯಾಗಿ ಯಂತ್ರ ಹಾಕಿದ್ದು ತಪ್ಪಾಯಿತು ಅಂತ ಬಹಿರಂಗವಾಗಿ ಹೇಳಿದ್ದರು. ಆ ಮಾತನ್ನು ನಾನು ಮರೆಯುವುದಿಲ್ಲ.

ರೋಬೋಟ್ ಬಂದರೆ ನಮ್ಮ ಹುಡುಗರಿಗೆ ಕೆಲಸ ಹೋಗುತ್ತಾ? ಊರಲ್ಲಿ ಎಲ್ಲರೂ ಕೇಳುವುದು ಇದನ್ನೇ. ಮಿಲ್ ಮುಚ್ಚಿದ್ದನ್ನು ಕಂಡ ಊರು ಇದು, ಆ ಭಯಕ್ಕೆ ಕಾರಣ ಇದೆ. ಅಂತರರಾಷ್ಟ್ರೀಯ ರೊಬೊಟಿಕ್ಸ್ ಒಕ್ಕೂಟದ ಲೆಕ್ಕದಲ್ಲಿ 2023ರಲ್ಲಿ ಭಾರತದಲ್ಲಿ ಹೊಸದಾಗಿ ಹಾಕಿದ ಕೈಗಾರಿಕಾ ರೋಬೋಟ್ 8,510. ಅದೇ ವರ್ಷ ಚೀನಾದಲ್ಲಿ 2,76,000ಕ್ಕೂ ಜಾಸ್ತಿ. ದಕ್ಷಿಣ ಕೊರಿಯಾದಲ್ಲಿ ಹತ್ತು ಸಾವಿರ ಕಾರ್ಮಿಕರಿಗೆ 1,012 ರೋಬೋಟ್ ಇದ್ದವು, ಜಗತ್ತಿನ ಸರಾಸರಿ 162. ನಮ್ಮಲ್ಲಿ ಈ ಕಥೆ ಇನ್ನೂ ಶುರುವಿನಲ್ಲಿದೆ. 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಬಂದ ಮೊದಲ ರೋಬೋಟ್ ಮಾಡಿದ್ದು ಕಾದ ಎರಕದ ತುಂಡುಗಳನ್ನು ಎತ್ತಿಡುವ ಕೆಲಸ. ಅಂಥ ಕೆಲಸ ಯಂತ್ರ ಮಾಡಲಿ ಅಂತಲೇ ನನ್ನ ಆಸೆ. ನನ್ನ ಚಿಂತೆ ಬೇರೆ. ಕಾರ್ಖಾನೆಯಲ್ಲಿ ಕಾಯಂ ಎಷ್ಟು ಜನ, ಕಾಂಟ್ರಾಕ್ಟ್ ಎಷ್ಟು, ಟ್ರೈನಿ ಎಷ್ಟು ಅಂತ ಬೇರೆ ಬೇರೆ ಕೇಳಿದರೆ ಉತ್ತರ ಸಲೀಸಾಗಿ ಬರುವುದಿಲ್ಲ. ಟೋಪಿಯ ಬಣ್ಣ, ಅಂಗಿಯ ಬಣ್ಣ ನೋಡಿ ನಾನೇ ಎಣಿಸಿದ್ದೂ ಇದೆ. ಎರಡು ಮೂರು ವರ್ಷ ಟ್ರೈನಿ ಅಂತ ದುಡಿಸಿಕೊಂಡು ಮನೆಗೆ ಕಳಿಸಿದ ಹುಡುಗರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಸಿಗುತ್ತಾರೆ. ಅವರ ಕೆಲಸ ತೆಗೆದದ್ದು ರೋಬೋಟ್ ಅಲ್ಲ. ಅದನ್ನು ಬರೆಯದೆ ಬರೀ ರೋಬೋಟ್ ಬಗ್ಗೆ ಬರೆದರೆ ನನಗೆ ಸಮಾಧಾನ ಆಗುವುದಿಲ್ಲ.

ಸದ್ಯ ಹರಿಹರದ ಕಡೆಯ ಒಬ್ಬ ಹುಡುಗನ ಬೆನ್ನು ಹತ್ತಿದ್ದೇನೆ. ಐಟಿಐ ಫಿಟ್ಟರ್ ಓದಿದವನು. ಟ್ರೈನಿಯಾಗಿ ಹೋಗಿ, ರಾತ್ರಿ ಪಾಳಿಯಲ್ಲಿ ಸೀನಿಯರ್‌ಗಳ ಪಕ್ಕ ನಿಂತು ಪೆಂಡೆಂಟ್ ಹಿಡಿಯುವುದು ಕಲಿತು, ಈಗ ಹನ್ನೆರಡು ರೋಬೋಟ್ ನೋಡಿಕೊಳ್ಳುತ್ತಾನೆ. ಕಾಂಟ್ರಾಕ್ಟ್ ಮೇಲೆ ಇದ್ದಾನೆ, ಇನ್ನೂ ಕಾಯಂ ಆಗಿಲ್ಲ. ಹೆಸರು ಹಾಕಬೇಡಿ ಅಕ್ಕ ಅಂದಿದ್ದಾನೆ, ಹಾಕುವುದಿಲ್ಲ. ಹೋದ ವಾರ ಅವನ ಲೈನ್ ನಲವತ್ತು ನಿಮಿಷ ನಿಂತಿತ್ತಂತೆ. ಕಾರಣ ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲಿ ಸೂಪರ್‌ವೈಸರ್ ಕರೆದರು. ಭಾನುವಾರ ಪಾಳಿ ಮುಗಿಸಿ ಊರಿಗೆ ಬರುತ್ತಾನೆ, ಬಸ್ ಸ್ಟ್ಯಾಂಡಿನಲ್ಲೇ ಸಿಗುತ್ತೇನೆ ಅಂದಿದ್ದಾನೆ.