ಪೆಟ್ಟಿಗೆಯಿಂದ ಕಪಾಟಿಗೆ: ಮಿಗ್-21 ಮಾದರಿ ಕಟ್ಟುವ ಬಗೆ

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ನಡೆಯಿತು. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ರಷ್ಯಾ ಮೂಲದ ಯುದ್ಧವಿಮಾನ ಅದು. 62 ವರ್ಷಗಳ ಸೇವೆ. ಇನ್ನು ಮುಂದೆ ಅದನ್ನು ಆಕಾಶದಲ್ಲಿ ನೋಡಲು ಆಗುವುದಿಲ್ಲ. ಆದರೆ ಮನೆಯ ಕಪಾಟಿನಲ್ಲಿ ಒಂದು ಇಟ್ಟುಕೊಳ್ಳಬಹುದು, ಅದೂ ನೀವೇ ಕೈಯಾರೆ ಕಟ್ಟಿದ್ದು.

ಇದು ಆಟಿಕೆ ಅಲ್ಲ. ಪೆಟ್ಟಿಗೆಯಲ್ಲಿ ಬರುವುದು ಬರೀ ಪ್ಲಾಸ್ಟಿಕ್ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡ ಚಿಕ್ಕ ಚಿಕ್ಕ ಬಿಡಿಭಾಗಗಳು, ಒಂದು ಡೆಕಾಲ್ (ನೀರಿನಲ್ಲಿ ಅದ್ದಿ ಅಂಟಿಸುವ ಚಿಹ್ನೆಗಳ) ಹಾಳೆ ಮತ್ತು ಜೋಡಿಸುವ ಕ್ರಮದ ಪುಸ್ತಿಕೆ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚುವುದೆಲ್ಲ ನಿಮ್ಮದೇ ಕೆಲಸ. ಜೊತೆಗೆ, ಕೊನೆಗೆ ಕಿಟ್‌ನ ವಿಮರ್ಶೆ ಬರೆಯಲು ಒಂದು ನೋಟ್‌ಬುಕ್ಕೂ ಇಟ್ಟುಕೊಳ್ಳಿ. ಕಿಟ್ ಕಟ್ಟುವುದು, ಅದು ಚೆನ್ನಾಗಿದೆಯೋ ಇಲ್ಲವೋ ಎಂದು ತೂಗಿ ನೋಡುವುದು, ಇವೆರಡೂ ಒಂದೇ ಕೆಲಸ ಅಂತಲೇ ನನ್ನ ನಂಬಿಕೆ. ತಪ್ಪುಗಳನ್ನು ಮೊದಲೇ ಗುರುತಿಸಿದವರಿಗೆ ಸರಿಮಾಡುವುದು ಸುಲಭ. ಬಣ್ಣ ಹಚ್ಚಿದ ಮೇಲೆ ಕಂಡರೆ ಎಲ್ಲವನ್ನೂ ಕೆರೆದು ತೆಗೆಯಬೇಕು.

ಯಾವ ಅಳತೆ?

ವಿಮಾನಗಳಿಗೆ ಹೆಚ್ಚು ಬಳಕೆಯಲ್ಲಿರುವುದು 1:72. ಅಂದರೆ ನಿಜವಾದ ವಿಮಾನದ 72ನೇ ಒಂದು ಪಾಲು. ಬ್ರಿಟನ್ನಿನ ಫ್ರಾಗ್ ಕಂಪನಿ 1936ರಲ್ಲಿ ಪ್ಲಾಸ್ಟಿಕ್ ಕಿಟ್‌ಗಳನ್ನು ತಂದಾಗ ಇದೇ ಅಳತೆ ಇತ್ತು. ಮಿಗ್-21ರ ರೆಕ್ಕೆಯ ತುದಿಯಿಂದ ತುದಿಗೆ 7.15 ಮೀಟರ್. 1:72ರಲ್ಲಿ ಅದು ಸುಮಾರು 9.9 ಸೆಂಟಿಮೀಟರ್, ಅಂಗೈ ಮೇಲೆ ಕೂರುತ್ತದೆ. 1:48ರಲ್ಲಿ ಸುಮಾರು 14.9 ಸೆಂಟಿಮೀಟರ್. ಮೊದಲ ಸಲ ಮಾಡುವವರಿಗೆ 1:72 ಸಾಕು. ಬೆಲೆಯೂ ಕಡಿಮೆ, ಜಾಗವೂ ಕಡಿಮೆ.

ಮೇಜಿನ ಮೇಲೆ ಏನಿರಬೇಕು?

ಜಾಸ್ತಿ ಏನೂ ಬೇಡ. ಪ್ಲಾಸ್ಟಿಕ್ ಕತ್ತರಿಸುವ ಚಿಕ್ಕ ಕಟರ್, ಹರಿತವಾದ ಪೆನ್ ನೈಫ್, ಚಿಮುಟ, 400ರಿಂದ 1000 ನಂಬರಿನವರೆಗಿನ ವಾಟರ್ ಪೇಪರ್, ಮಾಸ್ಕಿಂಗ್ ಟೇಪ್, ಒಂದೆರಡು ಒಳ್ಳೆಯ ಬ್ರಷ್. ಅಂಟು ಮಾತ್ರ ಪ್ಲಾಸ್ಟಿಕ್ ಕಿಟ್‌ಗೆಂದೇ ಮಾಡಿದ ತೆಳು ಸಿಮೆಂಟ್ ಆಗಿರಲಿ. ಅದು ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ ಎರಡು ಭಾಗಗಳನ್ನು ಬೆಸೆಯುತ್ತದೆ. ಲೋಹದ ಭಾಗಗಳಿದ್ದರೆ ಸೂಪರ್ ಗ್ಲೂ. ಕಾಕ್‌ಪಿಟ್‌ನ ಗಾಜಿಗೆ ನಮ್ಮ ಫೆವಿಕಾಲೇ ಸರಿ. ಸೂಪರ್ ಗ್ಲೂ ಹಾಕಿದರೆ ಅದರ ಆವಿ ತಾಗಿ ಗಾಜು ಮಂಜು ಮಂಜಾಗುತ್ತದೆ. ಕಿಟಕಿ ತೆರೆದಿರಲಿ. ಮಕ್ಕಳು ಮಾಡುವುದಾದರೆ ಬ್ಲೇಡಿನ ಕೆಲಸ ದೊಡ್ಡವರ ಕೈಯಲ್ಲಿರಲಿ.

ಅಂಟು ಮುಟ್ಟುವ ಮೊದಲು ಕಣ್ಣು

ಪೆಟ್ಟಿಗೆ ತೆರೆದ ದಿನ ಏನನ್ನೂ ಕತ್ತರಿಸಬೇಡಿ. ಎಲ್ಲ ಚೌಕಟ್ಟುಗಳನ್ನೂ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಭಾಗಗಳ ಅಂಚಿನಲ್ಲಿ ತೆಳುವಾದ ಪ್ಲಾಸ್ಟಿಕ್ ಪೊರೆ ಹೊರಚಾಚಿದೆಯಾ? ದಪ್ಪ ಜಾಗಗಳಲ್ಲಿ ಸಣ್ಣ ಗುಳಿ ಬಿದ್ದಿದೆಯಾ? ಗಾಜು ಸ್ವಚ್ಛವಾಗಿದೆಯಾ, ಗೀರು ಇದೆಯಾ? ಪುಸ್ತಿಕೆಯ ಪಟ್ಟಿಗೆ ತಾಳೆ ಹಾಕಿ, ಯಾವ ಭಾಗವೂ ಕಾಣೆಯಾಗಿಲ್ಲ ಅಂತ ಖಚಿತ ಮಾಡಿಕೊಳ್ಳಿ.

ಆಮೇಲೆ ಸ್ಕೇಲ್ ತೆಗೆದುಕೊಂಡು ಅಳೆಯಿರಿ. ರೆಕ್ಕೆ 9.9 ಸೆಂಟಿಮೀಟರಿಗೆ ಹತ್ತಿರ ಬಂದರೆ ಒಳ್ಳೆಯ ಸೂಚನೆ. ಮೈಮೇಲಿನ ತಗಡಿನ ಗೆರೆಗಳನ್ನೂ ಗಮನಿಸಿ. ಗೆರೆ 0.3 ಮಿಲಿಮೀಟರ್ ಅಗಲ ಇದ್ದರೆ ಅದನ್ನು 72ರಿಂದ ಗುಣಿಸಿ. 21.6 ಮಿಲಿಮೀಟರ್ ಆಯಿತು. ತಗಡುಗಳ ನಡುವೆ ಎರಡು ಸೆಂಟಿಮೀಟರ್ ಬಿರುಕು ಇಟ್ಟುಕೊಂಡು ಯಾವ ಜೆಟ್ ಹಾರೀತು? ಅದಕ್ಕೇ ಗೆರೆಗಳು ಎಷ್ಟು ತೆಳ್ಳಗಿದ್ದರೆ ಅಷ್ಟು ಒಳ್ಳೆಯದು.

ಇನ್ನೂ ಮುಖ್ಯವಾದದ್ದು, ಇದು ಯಾವ ಮಿಗ್-21 ಎನ್ನುವುದು. ನಮ್ಮ ವಾಯುಪಡೆಯಲ್ಲೇ ಎಫ್ಎಲ್, ಎಂ, ಬಿಸ್, ಬೈಸನ್ ಎಂಬ ಬೇರೆಬೇರೆ ಮಾದರಿಗಳಿದ್ದವು. 1971ರ ಯುದ್ಧದಲ್ಲಿ ಡಾಕಾದ ಗವರ್ನರ್ ಭವನದ ಮೇಲೆ ರಾಕೆಟ್ ಹಾರಿಸಿದ ಕಾಲದ್ದು ಎಫ್ಎಲ್. ಅದಕ್ಕೆ ಹೊಟ್ಟೆಯೊಳಗೆ ಗನ್ ಇರಲಿಲ್ಲ, ಬೇಕಾದಾಗ ಗನ್ ಪೆಟ್ಟಿಗೆಯನ್ನು ಹೊಟ್ಟೆಯ ಕೆಳಗೆ ತೂಗುಹಾಕುತ್ತಿದ್ದರು. ರೆಕ್ಕೆಯ ಕೆಳಗೆ ಶಸ್ತ್ರ ತೂಗುಹಾಕುವ ಕಂಬಗಳು ಎರಡೇ. ಬಿಸ್‌ನಲ್ಲಿ ನಾಲ್ಕು ಕಂಬಗಳಿವೆ, ಗನ್ ಮೈಯೊಳಗೇ ಇದೆ, ಬೆನ್ನೂ ದಪ್ಪ. ಪೆಟ್ಟಿಗೆ ಮೇಲೆ ಎಫ್ಎಲ್ ಎಂದು ಬರೆದು ಒಳಗೆ ನಾಲ್ಕು ಕಂಬ ಕೊಟ್ಟಿದ್ದರೆ, ನಿಮ್ಮ ವಿಮರ್ಶೆಯ ಮೊದಲ ಸಾಲು ಸಿಕ್ಕ ಹಾಗೆಯೇ.

ಹೊಸಬರಿಗೆ ಬಿಸ್ ಕಿಟ್‌ಗಳು ಸುಲಭವಾಗಿ ಸಿಗುತ್ತವೆ. ರಷ್ಯಾದ ಝ್ವೆಜ್ಡಾ, ಜೆಕ್ ದೇಶದ ಎಡುವಾರ್ಡ್ ಎರಡೂ ಮಾಡುತ್ತವೆ.

ತೊಳೆದು, ಕತ್ತರಿಸಿ, ಸುಮ್ನೆ ಜೋಡಿಸಿ ನೋಡಿ

ಚೌಕಟ್ಟುಗಳನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಕತ್ತರಿಸುವಾಗ ಒಂದೇ ಸಲಕ್ಕೆ ಭಾಗದ ಮೈಗೆ ತಾಗಿಸಿ ಕತ್ತರಿಸಬೇಡಿ. ಮೊದಲು ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಬ್ಲೇಡಿನಿಂದ ತೆಳ್ಳಗೆ ಸವರಿ, ವಾಟರ್ ಪೇಪರ್‌ನಿಂದ ನುಣ್ಣಗೆ ಮಾಡಿ. ಆಗ ಮೈ ಕಿತ್ತು ಬರುವುದಿಲ್ಲ.

ಈಗ ಅಂಟಿಲ್ಲದೆ ಎರಡು ಭಾಗ ಹಿಡಿದು ಸೇರಿಸಿ ನೋಡಿ. ಎಲ್ಲಿ ಸಂದು ಕಾಣುತ್ತದೆ, ಯಾವ ಗೂಟ ರಂಧ್ರಕ್ಕೆ ಕೂರುತ್ತಿಲ್ಲ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಇದು ಬೇಜಾರು ಹಿಡಿಸುವ ಕೆಲಸ, ಆದರೆ ಮಾದರಿಯ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಇಲ್ಲಿ ಅದು ನೂರಕ್ಕೆ ನೂರು ನಿಜ.

ಮೂಗಿನ ಭಾರ ಮರೆಯಬೇಡಿ

ಮೈಯ ಎರಡು ಹೋಳು ಸೇರಿಸುವ ಮೊದಲೇ ಕಾಕ್‌ಪಿಟ್ ಮುಗಿದಿರಬೇಕು. ಆ ಕಾಲದ ರಷ್ಯನ್ ಜೆಟ್‌ಗಳ ಕಾಕ್‌ಪಿಟ್‌ಗೆ ನೀಲಿ ಹಸಿರು ಬೆರೆತ ಒಂದು ವಿಶೇಷ ಬಣ್ಣ ಇರುತ್ತಿತ್ತು. ಚಕ್ರದ ನಡುಭಾಗವೂ ಕಣ್ಣಿಗೆ ಹೊಡೆಯುವ ಹಸಿರು. ಇವೆರಡನ್ನು ಸರಿಯಾಗಿ ಹಚ್ಚಿದರೇ ಸಾಕು, ನೋಡುವವರಿಗೆ ಇದು ಮಿಗ್ ಅನ್ನಿಸುತ್ತದೆ.

ಈ ವಿಮಾನ ಒಂದು ಮುಂಗಾಲು, ಎರಡು ಹಿಂಗಾಲುಗಳ ಮೇಲೆ ನಿಲ್ಲುತ್ತದೆ. ಒಳಗೆ ಟೊಳ್ಳು ಪ್ಲಾಸ್ಟಿಕ್ ಆದ್ದರಿಂದ ಬಾಲದ ಭಾರ ಜಾಸ್ತಿಯಾಗಿ ಮಾದರಿ ಮೂಗು ಮೇಲೆತ್ತಿ ಕುಳಿತುಬಿಡುತ್ತದೆ. ಮೂಗಿನ ಶಂಕುವಿನ ಒಳಗೆ, ಕಾಕ್‌ಪಿಟ್‌ಗಿಂತ ಮುಂದಿರುವ ಜಾಗದಲ್ಲಿ ಚಿಕ್ಕ ಸ್ಟೀಲ್ ನಟ್ ಅಥವಾ ಸೈಕಲ್ ಬೇರಿಂಗಿನ ಗುಂಡುಗಳನ್ನು ಅಂಟಿಸಿ. ಸಾಕಾಯಿತೋ ಇಲ್ಲವೋ ತಿಳಿಯಲು ಮೈ ಮತ್ತು ರೆಕ್ಕೆಯನ್ನು ಟೇಪ್ ಹಾಕಿ ತಾತ್ಕಾಲಿಕವಾಗಿ ಸೇರಿಸಿ. ಹಿಂಗಾಲು ಬರುವ ಜಾಗದಲ್ಲಿ ಪೆನ್ಸಿಲ್ ಇಟ್ಟು ಅದರ ಮೇಲೆ ಕೂರಿಸಿ. ಮೂಗು ಕೆಳಗೆ ವಾಲಿದರೆ ಆಯಿತು. ವಾಲದಿದ್ದರೆ ಇನ್ನೊಂದೆರಡು ಗುಂಡು.

ಅಂಟಿಸುವಾಗ ಎರಡು ಹೋಳನ್ನು ಒತ್ತಿ ಹಿಡಿದು, ಸಂದಿನ ಮೇಲೆ ಬ್ರಷ್ ತುದಿ ತಾಗಿಸಿ. ತೆಳು ಸಿಮೆಂಟ್ ತಾನೇ ಒಳಗೆ ಹರಿಯುತ್ತದೆ. ಟೇಪ್ ಸುತ್ತಿ ಒಂದು ದಿನ ಬಿಡಿ. ಬೆನ್ನಿನ ಮೇಲೆ, ಹೊಟ್ಟೆಯ ಕೆಳಗೆ ಜೋಡಣೆಯ ಗೆರೆ ಉಳಿದರೆ ಪುಟ್ಟಿ ತುಂಬಿ, ಒಣಗಿದ ಮೇಲೆ ನೀರು ಹಚ್ಚಿ ಉಜ್ಜಿ. ಎಷ್ಟು ಪುಟ್ಟಿ ಬೇಕಾಯಿತು ಎನ್ನುವುದೂ ಕಿಟ್‌ನ ಗುಣಕ್ಕೆ ಸಾಕ್ಷಿ. ಬರೆದಿಡಿ.

ಬಣ್ಣ, ಆಮೇಲೆ ಡೆಕಾಲ್

ಮೊದಲು ತೆಳುವಾಗಿ ಪ್ರೈಮರ್, ಅಂದರೆ ಅಡಿಬಣ್ಣ. ಉಜ್ಜದೆ ಉಳಿದ ಗೀರು, ಸಂದುಗಳನ್ನೆಲ್ಲ ಅದು ತೋರಿಸಿಕೊಡುತ್ತದೆ. ನಂತರ ಬಣ್ಣ. ಸ್ಪ್ರೇ ಆದರೂ ಬ್ರಷ್ ಆದರೂ ದಪ್ಪಗೆ ಒಂದು ಸಲ ಹಚ್ಚುವ ಬದಲು ತೆಳ್ಳಗೆ ಮೂರು ಸಲ ಹಚ್ಚಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಳೆಗಾಲದಲ್ಲಿ ಲ್ಯಾಕರ್ ಸ್ಪ್ರೇ ಹೊಡೆಯುವ ಮೊದಲು ಹವಾಮಾನ ನೋಡಿಕೊಳ್ಳಬೇಕು. ಗಾಳಿಯ ತೇವ ಬಣ್ಣದಲ್ಲಿ ಸಿಕ್ಕಿ ಮೇಲೆ ಬಿಳಿ ಮಸುಕು ಬರುತ್ತದೆ. ಆ ತಿಂಗಳುಗಳಲ್ಲಿ ಅಕ್ರಿಲಿಕ್ ಬಣ್ಣ ವಾಸಿ.

ಡೆಕಾಲ್ ಅಂಟಿಸುವ ಮೊದಲು ಹೊಳಪಿನ ವಾರ್ನಿಶ್ ಕಡ್ಡಾಯ. ಮ್ಯಾಟ್ ಬಣ್ಣದ ಮೈ ತರಿತರಿಯಾಗಿರುತ್ತದೆ. ಡೆಕಾಲಿನ ಅಡಿ ಗಾಳಿ ಉಳಿದು ಬೆಳ್ಳಿ ಬೆಳ್ಳಿಯಾಗಿ ಕಾಣುತ್ತದೆ, ಸ್ಟಿಕ್ಕರ್ ಅಂಟಿಸಿದ್ದು ಅಂತ ದೂರದಿಂದಲೇ ಗೊತ್ತಾಗುತ್ತದೆ. ಬೇಕಾದ ಡೆಕಾಲನ್ನಷ್ಟೇ ಕತ್ತರಿಸಿ ಕೆಲವು ಸೆಕೆಂಡು ನೀರಿನಲ್ಲಿ ಅದ್ದಿ, ಹೊರಗಿಟ್ಟು ಕಾಯಿರಿ. ಕಾಗದದಿಂದ ತಾನೇ ಜಾರಿದಾಗ ಜಾಗಕ್ಕೆ ಸರಿಸಿ, ಒದ್ದೆ ಬ್ರಷ್‌ನಿಂದ ನೀರನ್ನು ಹೊರಗೆ ತಳ್ಳಿ. ನಮ್ಮ ವಾಯುಪಡೆಯ ವೃತ್ತದಲ್ಲಿ ನಡುವೆ ಹಸಿರು, ಆಮೇಲೆ ಬಿಳಿ, ಹೊರಗೆ ಕೇಸರಿ. ಮೂರು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂತಿವೆಯಾ, ಬಿಳಿ ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳುವಾಗಿದೆಯಾ ಎಂದು ಭೂತಗನ್ನಡಿ ಹಿಡಿದು ನೋಡಿ. ಇದರಲ್ಲಿ ಎಡವಿದ ಕಿಟ್‌ಗಳು ಬೇಕಾದಷ್ಟಿವೆ.

ಕೊನೆಗೆ ಹಳೆಯದಾಗಿಸುವ ಕೆಲಸ. ನೀರಾಗಿಸಿದ ಕಡುಬೂದು ಬಣ್ಣವನ್ನು ಗೆರೆಗಳಲ್ಲಿ ಹರಿಸಿ, ಉಳಿದದ್ದನ್ನು ಒರೆಸಿ ತೆಗೆಯಿರಿ. ಇಲ್ಲಿ ಕೈ ಬಿಗಿಯಿರಲಿ. ಬೆಂಗಳೂರಿನವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗೆ ನಿಂತಿರುವ ಮಾರುತ್ ವಿಮಾನವನ್ನು ಒಮ್ಮೆ ಹತ್ತಿರದಿಂದ ನೋಡಿ ಬನ್ನಿ. ತಗಡಿನ ಜೋಡಣೆ ನಿಜದಲ್ಲಿ ಎಷ್ಟು ಸೂಕ್ಷ್ಮ ಎನ್ನುವುದು ಕಣ್ಣಿಗೇ ಸಿಗುತ್ತದೆ.

ಮೂಗಿನ ಮುಂದಿನ ಉದ್ದದ ಸೂಜಿ, ಅಂದರೆ ವೇಗ ಅಳೆಯುವ ಪಿಟೋ ನಳಿಗೆಯನ್ನು ಎಲ್ಲಕ್ಕಿಂತ ಕೊನೆಗೆ ಅಂಟಿಸಿ. ಮೊದಲೇ ಹಚ್ಚಿದರೆ ಮುರಿಯದೆ ಉಳಿಯುವುದು ಕಷ್ಟ. ಬಿಸ್‌ನಲ್ಲಿ ಅದು ಮೂಗಿನ ಮೇಲೆ ನಟ್ಟನಡುವೆ ಇರುವುದಿಲ್ಲ, ಪೈಲಟ್‌ನ ಬಲಕ್ಕೆ ಸರಿದಿರುತ್ತದೆ.

ಟ್ಯಾಂಕ್ ಇಷ್ಟಪಡುವವರಿಗೆ

ಟ್ಯಾಂಕ್‌ಗಳ ಅಳತೆ ಸಾಮಾನ್ಯವಾಗಿ 1:35. ಕ್ರಮ ಬಹುತೇಕ ಇದೇ. ಆದರೆ ಚಕ್ರ ಮತ್ತು ಅವುಗಳ ಸುತ್ತ ಓಡುವ ಪಟ್ಟಿಯ (ಟ್ರ್ಯಾಕ್) ಕೆಲಸ ಜಾಸ್ತಿ. ಚಕ್ರಗಳನ್ನು ಪಟ್ಟಿ ಹಾಕುವ ಮೊದಲೇ ಬಣ್ಣ ಮಾಡಿಕೊಳ್ಳಿ. ಟಿ-55 ಕಟ್ಟುವುದಾದರೆ ಎರಡು ವಿಷಯ ನೋಡಿ. ಮೊದಲ ಮತ್ತು ಎರಡನೆಯ ಚಕ್ರದ ನಡುವೆ ಉಳಿದವುಗಳಿಗಿಂತ ಹೆಚ್ಚು ಅಂತರ ಇರಬೇಕು. ಮೇಲಿನ ಪಟ್ಟಿಗೆ ಆಸರೆ ಕೊಡುವ ಉರುಳೆಗಳು ಈ ಟ್ಯಾಂಕಿಗೆ ಇಲ್ಲ, ಹಾಗಾಗಿ ಪಟ್ಟಿ ಜೋತು ಚಕ್ರಗಳ ಮೇಲೆಯೇ ಕೂರಬೇಕು. ಹಗ್ಗದಂತೆ ಬಿಗಿದು ನೇರವಾಗಿ ನಿಂತರೆ ಅದು ತಪ್ಪು.

ವಿಮರ್ಶೆ ಬರೆಯುವುದು

ಪೆಟ್ಟಿಗೆ ತೆರೆದು ಫೋಟೊ ತೆಗೆದು ಹೊಗಳುವುದು ವಿಮರ್ಶೆ ಅಲ್ಲ ಅಂತ ಖಂಡಿತವಾಗಿ ಹೇಳುತ್ತೇನೆ. ಕಟ್ಟಿ ಮುಗಿಸಿದ ಮೇಲಷ್ಟೇ ಕಿಟ್‌ನ ನಿಜ ಸ್ವಭಾವ ಗೊತ್ತಾಗುವುದು. ನೋಟ್‌ಬುಕ್ ತೆಗೆಯಿರಿ. ಯಾವ ಮಾದರಿಯ ವಿಮಾನ, ಅಳತೆ ಸರಿಯಿತ್ತಾ, ಯಾವ ಭಾಗ ತೊಂದರೆ ಕೊಟ್ಟಿತು, ಅದನ್ನು ಹೇಗೆ ಸರಿಮಾಡಿದಿರಿ, ಡೆಕಾಲ್ ಹೇಗೆ ಕೂತಿತು, ಪುಸ್ತಿಕೆಯ ಚಿತ್ರಗಳು ಅರ್ಥವಾದವಾ, ಎಲ್ಲ ಬರೆಯಿರಿ. ಕಿಟ್‌ನ ತಪ್ಪನ್ನೂ ನಿಮ್ಮ ಕೈ ತಪ್ಪನ್ನೂ ಬೇರೆಬೇರೆಯಾಗಿಯೇ ಹೇಳಿ. ಅಂಟು ಚೆಲ್ಲಿದ್ದಕ್ಕೆ ಕಂಪನಿಯನ್ನು ದೂರಬಾರದು ಅಲ್ವಾ? ಕೊಟ್ಟ ಬೆಲೆ, ಹೊರದೇಶದಿಂದ ತರಿಸಿದ್ದರೆ ಕಸ್ಟಮ್ಸ್ ಮತ್ತು ಅಂಚೆ ಖರ್ಚು ಬಿಡಿಸಿ ಹೇಳಿ. ಈ ಕಿಟ್ ಹೊಸಬರಿಗೆ ಆಗುತ್ತದೋ, ನಾಲ್ಕಾರು ಕಟ್ಟಿ ಪಳಗಿದವರಿಗೆ ಮಾತ್ರವೋ ಎನ್ನುವುದನ್ನು ಒಂದೇ ಸಾಲಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಕೊಳ್ಳುವವರು ಮೊದಲು ಹುಡುಕುವುದು ಅದನ್ನೇ.